ಜಾನುವಾರು ಕಣ್ಣುಬೇನೆ: ರಾಯಚೂರು ಸೀಮೆಯ ಚರಿತ್ರೆ

ದನ, ಎಮ್ಮೆ, ಕುರಿ, ಆಡುಗಳ ಕಣ್ಣು ಕೆಂಪಾಗಿ ನೀರು ಸೋರುವುದು, ಪಿಚ್ಚು ಕಟ್ಟಿ ರೆಪ್ಪೆ ಅಂಟಿಕೊಳ್ಳುವುದು, ಕಡೆಗೆ ಪಾಪೆಯ ಮೇಲೆ ಬಿಳಿ ಪೊರೆ ಬರುವುದು, ಇವಿಷ್ಟಕ್ಕೂ ಕೃಷ್ಣಾ–ತುಂಗಭದ್ರಾ ನಡುವಿನ ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯಲ್ಲಿ ಕಣ್ಣುಬೇನೆ ಎಂಬುದೊಂದೇ ಹೆಸರು. ಪೊರೆ ಗಟ್ಟಿಯಾದರೆ ಕಣ್ಣಿಗೆ ಹೂ ಬಿದ್ದಿದೆ ಎನ್ನುತ್ತಾರೆ. ಈ ಹೆಸರಿನಡಿ ಹಲವು ಬೇರೆ ಬೇರೆ ಕಾಯಿಲೆಗಳಿವೆ. ಅವನ್ನು ಒಂದೊಂದಾಗಿ ಬಿಡಿಸಿ ಗುರುತಿಸಿದ್ದೇ ಈ ವಿಷಯದ ಚರಿತ್ರೆ.

ಕನ್ನಡದಲ್ಲಿ ದನದ ವೈದ್ಯಕ್ಕೆ ಹಳೆಯ ಬರಹವಿದೆ. ಕಲ್ಯಾಣ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’ 12ನೇ ಶತಮಾನದ ಆರಂಭದ ಕೃತಿ. ಔಷಧಿಯ ಜೊತೆಗೆ ಮಂತ್ರವೂ ಅದರಲ್ಲಿ ಸೇರಿದೆ. ಊರಲ್ಲಿ ಉಳಿದುಬಂದದ್ದು ಮಾತ್ರ ಬಾಯಿಮಾತಿನ ಮದ್ದು: ತುಂಬೆ ಸೊಪ್ಪಿನ ರಸ, ನಂದಿಬಟ್ಟಲ ಹೂವು, ಉಪ್ಪುನೀರು. ತಿಳಿ ಉಪ್ಪುನೀರಿನಲ್ಲಿ ಕಣ್ಣು ತೊಳೆಯುವುದು ಇಂದಿಗೂ ಒಪ್ಪತಕ್ಕ ಕ್ರಮ. ತಂಬಾಕು ಅಥವಾ ಉಪ್ಪನ್ನು ಅಗಿದು ಕಣ್ಣಿಗೆ ಉಗಿಯುವುದು, ಬಳೆಚೂರು ಅರೆದು ಹಾಕಿ ಹೂ ಕರಗಿಸಲು ನೋಡುವುದು ಬೇರೆಯೇ ಮಾತು. ಹುಣ್ಣಾದ ಕಣ್ಣಿಗೆ ಇವು ಇನ್ನಷ್ಟು ಗಾಯ ಮಾಡುತ್ತವೆ. ಕಣ್ಣು ತಾನಾಗಿಯೇ ತಿಳಿಯಾದ ಸಂದರ್ಭಗಳಲ್ಲಿ ಹೆಸರು ಮದ್ದಿಗೆ ಬಂದಿರಬೇಕು. ಸೌಮ್ಯ ಕಣ್ಣುಬೇನೆ ಎರಡು ಮೂರು ವಾರದಲ್ಲಿ ಔಷಧಿಯಿಲ್ಲದೆಯೂ ವಾಸಿಯಾಗುವುದುಂಟು.

ನೀರಾವರಿ ಬರುವ ಮುಂಚೆ ಇದು ಜೋಳ, ಹತ್ತಿಗಳ ಬೆದ್ದಲು ನಾಡು. ವರ್ಷದ ಮಳೆ ಸುಮಾರು 600 ಮಿ.ಮೀ., ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಎರೆಮಣ್ಣಿನ ಧೂಳು. ಹತ್ತಿ ಕಟ್ಟಿಗೆ, ಜಾಲಿ ಮುಳ್ಳು, ಬಾರುಕೋಲಿನ ತುದಿ ಎತ್ತುಗಳ ಕಣ್ಣಿಗೆ ತಾಗುತ್ತಿದ್ದವು. ಬರಗಾಲದ ಕುರುಡು ಇದಕ್ಕಿಂತ ಘೋರ. ಹಸಿ ಮೇವಿಲ್ಲದೆ ತಿಂಗಳುಗಟ್ಟಲೆ ಒಣ ಕಣಕಿಯನ್ನೇ ತಿಂದ ದನಕ್ಕೆ ಎ ಜೀವಸತ್ವ ಸಿಗುವುದಿಲ್ಲ. ಮೊದಲು ಇರುಳುಗುರುಡು ಕಾಣಿಸಿಕೊಳ್ಳುತ್ತದೆ, ಗಬ್ಬದ ಹಸು ಕುರುಡು ಕರು ಹಾಕುವುದೂ ಉಂಟು. ಈ ಜೀವಸತ್ವವನ್ನು ವಿಜ್ಞಾನಿಗಳು ಗುರುತಿಸಿದ್ದು 1913ರಲ್ಲಿ. ದಖ್ಖನನ್ನು ಹಿಂಡಿದ 1876–78ರ ಕ್ಷಾಮ ಆ ಹೊತ್ತಿಗೆ ಮುಗಿದುಹೋಗಿತ್ತು.

ಸರ್ಕಾರಿ ಪಶುವೈದ್ಯ ಈ ಸೀಮೆಗೆ ಬಂದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದ ಕಡೆಯಿಂದ. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಆಗಿನ ದನದ ದವಾಖಾನೆಗಳಿಗೆ ಕಣ್ಣುಬೇನೆ ದೊಡ್ಡ ಚಿಂತೆಯಾಗಿರಲಿಲ್ಲ, ದೊಡ್ಡ ರೋಗವೇ (ರಿಂಡರ್‌ಪೆಸ್ಟ್) ಚಿಂತೆ. ಅದರಲ್ಲೂ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು, ಆದರೆ ಬಾಯಿಹುಣ್ಣು ಮತ್ತು ಭೇದಿಯಿಂದ ದನ ವಾರದೊಳಗೆ ಸಾಯುತ್ತಿತ್ತು. 1954ರಲ್ಲಿ ಶುರುವಾದ ರಾಷ್ಟ್ರೀಯ ನಿರ್ಮೂಲನ ಯೋಜನೆಯ ಲಸಿಕೆಯಿಂದ ಅದು ಇಳಿಮುಖವಾಯಿತು. ದೇಶದ ಕಡೆಯ ಪ್ರಕರಣ 1995ರದು. 2011ರಲ್ಲಿ ಜಗತ್ತೇ ಮುಕ್ತವಾಯಿತು. ಅದು ತೊಲಗಿದ ಮೇಲೆ ಉಳಿದ ಕಣ್ಣುಬೇನೆಗಳನ್ನು ಬಿಡಿಯಾಗಿ ನೋಡಲು ಸಾಧ್ಯವಾಯಿತು ಎಂದರೆ ತಪ್ಪಾಗದು.

ದನಗಳ ಅಂಟು ಕಣ್ಣುಬೇನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾ. 1923ರಲ್ಲಿ ಅಮೆರಿಕದ ಜೋನ್ಸ್ ಮತ್ತು ಲಿಟಲ್ ಇದನ್ನು ವಿವರಿಸಿದರು. ಬಿಸಿಲು, ಧೂಳು, ಒಣಹುಲ್ಲು ಕಣ್ಣನ್ನು ಮೊದಲೇ ಕೆರಳಿಸಿರುತ್ತವೆ. ಕಣ್ಣೀರು ಹೀರಲು ಕೂರುವ ನೊಣ ರೋಗಾಣುವನ್ನು ಒಂದರಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ. ಕುರಿ, ಆಡುಗಳಲ್ಲಿ ಕಾರಣ ಬೇರೆ, ಮೈಕೋಪ್ಲಾಸ್ಮಾ ಅಥವಾ ಕ್ಲಮೈಡಿಯಾ. ಇರುಳು ಹೊಲದಲ್ಲಿ ಕುರಿ ತರುಬುವಾಗ, ಮೈಗೆ ಮೈ ಒತ್ತಿ ನಿಲ್ಲುವ ಹಿಂಡಿನಲ್ಲಿ ಇದು ಬೇಗ ಹಬ್ಬುತ್ತದೆ. ಕಣ್ಣು ಕಾಣದ ಕುರಿ ಮೇವು ಹುಡುಕಲಾರದೆ ಸೊರಗುತ್ತದೆ. ಕುರಿಗಾರನಿಗೆ ನಷ್ಟವಾಗುವುದು ಅದರಿಂದ.

ನೆಲದ ಚಹರೆ ಬದಲಾದದ್ದು ಕಾಲುವೆಯಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಬಳಿಕ ಎಡದಂಡೆ ಕಾಲುವೆ ಮಾನ್ವಿ, ರಾಯಚೂರು ಕಡೆ ನೀರು ತಂದಿತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಜೋಳದ ಕಣಕಿಯ ಜಾಗಕ್ಕೆ ನೆಲ್ಲುಹುಲ್ಲು ಬಂತು. ಬಣ್ಣಗೆಟ್ಟ ಒಣ ನೆಲ್ಲುಹುಲ್ಲಿನಲ್ಲಿ ಎ ಜೀವಸತ್ವದ ಮೂಲವಾದ ಕ್ಯಾರೊಟಿನ್ ತೀರಾ ಕಡಿಮೆ. ಹಸಿ ಮೇವು ಸೇರಿಸದಿದ್ದರೆ ನೀರಾವರಿ ಊರಲ್ಲೂ ಕರುಗಳಿಗೆ ಹಳೆಯ ಕುರುಡು ತಪ್ಪುವುದಿಲ್ಲ. ಮೇವಿನ ಕೊರತೆಯ ಜೊತೆಗೆ ನೊಣದ ಕಾಟವೂ ಇದೆ: ಹಸಿ ಸಗಣಿಯಲ್ಲಿ ಅದು ಮೊಟ್ಟೆಯಿಡುತ್ತದೆ. ಇದೇ ನೊಣ ಥೆಲಾಜಿಯಾ ಎಂಬ ಕಣ್ಣುಹುಳುವನ್ನೂ ಹೊರುತ್ತದೆ. ದಾರದಂಥ ಬಿಳಿ ಹುಳು ಮೂರನೇ ರೆಪ್ಪೆಯಡಿ ಹರಿದಾಡುವುದು ಬರಿಗಣ್ಣಿಗೇ ಕಾಣುತ್ತದೆ. ಮರಗಟ್ಟಿಸುವ ಹನಿ ಹಾಕಿ ಚಿಮಟದಿಂದ ತೆಗೆಯುವುದು ಹಳೆಯ ವಿಧಾನ. 1980ರ ದಶಕದ ಐವರ್ಮೆಕ್ಟಿನ್, ಅದಕ್ಕೂ ಮುಂಚಿನ ಲೆವಮಿಸೋಲ್ ಈ ಕೆಲಸವನ್ನು ಹಗುರ ಮಾಡಿದವು.

ಕಣ್ಣು ಬರೀ ಸೂಚನೆಯಾಗಿರುವ ರೋಗಗಳೂ ಇವೆ. ಆಡು, ಕುರಿಗಳ ಪಿ.ಪಿ.ಆರ್. ಭಾರತದಲ್ಲಿ ಮೊದಲು ಗುರುತಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಪಿಚ್ಚಿನಿಂದ ಮುಚ್ಚಿದ ಕಣ್ಣಿನ ಜೊತೆ ಜ್ವರ, ಭೇದಿ ಇದ್ದರೆ ಮೊದಲು ಅದನ್ನೇ ಶಂಕಿಸಬೇಕು, ಅದಕ್ಕೆ ಲಸಿಕೆಯುಂಟು. ನೀಲಿ ನಾಲಿಗೆ ರೋಗ, ಸರ್ರಾ, 2019ರಲ್ಲಿ ದೇಶಕ್ಕೆ ಕಾಲಿಟ್ಟ ಚರ್ಮಗಂಟು ರೋಗ, ಇವೆಲ್ಲ ಕಣ್ಣಿನಲ್ಲೂ ಗುರುತು ತೋರುತ್ತವೆ.

ಇಂದಿನ ಚಿಕಿತ್ಸೆಯ ತಿರುಳು ಸರಳ: ರೋಗಿಯನ್ನು ಹಿಂಡಿನಿಂದ ಬೇರೆ ಕಟ್ಟಿ, ನೆರಳಿನಲ್ಲಿಟ್ಟು, ಕಾದಾರಿಸಿದ ತಿಳಿ ಉಪ್ಪುನೀರಿನಲ್ಲಿ ತೊಳೆದು, ವೈದ್ಯರು ಹೇಳಿದ ಆಂಟಿಬಯೋಟಿಕ್ ಕೊಡಿಸುವುದು. ಆಕ್ಸಿಟೆಟ್ರಾಸೈಕ್ಲಿನ್ ಸೂಜಿ ಹೆಚ್ಚು ಬಳಕೆಯಲ್ಲಿದೆ. ಔಷಧಿ ನಡೆಯುವಾಗಲೂ ಆಮೇಲೆ ವೈದ್ಯರು ಹೇಳಿದಷ್ಟು ದಿನವೂ ಹಾಲನ್ನು ಬಳಸಬಾರದು. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಕಣ್ಣಿನ ಹನಿ ತಂದು ಹಾಕುವ ಹೊಸ ರೂಢಿ ತಂಬಾಕಿನ ಉಗುಳಿಗಿಂತ ಬಹಳ ಮೇಲೇನಲ್ಲ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಒಂದೇ ದಿನಕ್ಕೆ ಇಳಿಯಬಹುದು, ಆದರೆ ಕಾರ್ನಿಯಾದ ಹುಣ್ಣು ಆಳಕ್ಕಿಳಿದು ಕಣ್ಣೇ ಒಡೆಯಬಹುದು. ಎರಡು ದಿನದಲ್ಲಿ ಕಣ್ಣು ತಿಳಿಯಾಗದಿದ್ದರೆ ತಾಲ್ಲೂಕಿನ ಪಶು ಆಸ್ಪತ್ರೆಗೆ ತೋರಿಸಿ. ಹೊಡೆದುಕೊಂಡು ಹೋಗಲಾಗದಿದ್ದರೆ ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962 ಸಂಖ್ಯೆಗೆ ಕರೆ ಮಾಡಿ.