ಎಷ್ಟು ಕುದುರೆ, ಯಾರ ಲೆಕ್ಕ?

1999ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಮಸ್ಟಾಂಗ್ ಎಸ್‌ವಿಟಿ ಕೋಬ್ರಾ ಕಾರಿಗೆ 320 ಅಶ್ವಶಕ್ತಿಯೆಂದು ಸಾರಿತು. ಹಿಂದಿನ ಮಾದರಿಗೆ ಇದ್ದದ್ದು 305. ಹದಿನೈದು ಕುದುರೆ ಹೆಚ್ಚೆಂದು ನಂಬಿ ಕೊಂಡವರಲ್ಲಿ ಕೆಲವರು ಕಾರನ್ನು ಗ್ಯಾರೇಜಿನಲ್ಲಿ ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಹತ್ತಿಸಿ ಅಳೆಸಿದರು. ಆ ಹೆಚ್ಚಳ ಅಲ್ಲಿ ಕಾಣಲಿಲ್ಲ. ಒಬ್ಬಿಬ್ಬರ ಕಾರಾಗಿದ್ದರೆ ಗಾಡಿಯ ದೋಷವೆಂದು ತಳ್ಳಿಹಾಕಬಹುದಿತ್ತು. ಬೇರೆ ಬೇರೆ ಊರುಗಳಲ್ಲಿ ಅಳೆದವರೂ ಅದನ್ನೇ ಹೇಳತೊಡಗಿದಾಗ ಕಂಪನಿ ಬಾಗಬೇಕಾಯಿತು. ಆಗಸ್ಟ್‌ನಲ್ಲಿ ಮಾರಾಟ ನಿಂತಿತು. ಮಾರಿದ ಕಾರುಗಳನ್ನು ವಾಪಸ್ ಕರೆಸಿ ಇನ್‌ಟೇಕ್ ಮ್ಯಾನಿಫೋಲ್ಡ್, ಎಂಜಿನ್ ಕಂಪ್ಯೂಟರ್, ಸೈಲೆನ್ಸರ್ ಪೈಪುಗಳನ್ನು ಬದಲಿಸಿಕೊಟ್ಟರು. ಎರಡು ವರ್ಷದ ಬಳಿಕ ಮಾಜ್ದಾ ಕಂಪನಿಗೂ ಇದೇ ಗತಿ: ಮಿಯಾಟಾ ಕಾರಿಗೆ ಹೇಳಿದ್ದ 155 ಅನ್ನು 142ಕ್ಕೆ ಇಳಿಸಿ, ಬೇಡವೆಂದವರ ಕಾರನ್ನು ಹಿಂದಕ್ಕೆ ಕೊಳ್ಳುವುದಾಗಿ ಹೇಳಿತು.

ತಯಾರಕನ ಮಾತನ್ನು ಗಿರಾಕಿ ಅಳೆದು ಅಲ್ಲಗಳೆಯುವ ಈ ಹಂತಕ್ಕೆ ಬರಲು ಇನ್ನೂರು ವರ್ಷ ಹಿಡಿಯಿತು. ಅಲ್ಲಿಯವರೆಗೆ ತಕ್ಕಡಿ ಬೇರೆಯವರ ಕೈಯಲ್ಲಿತ್ತು.

ಮೊದಲು ಅದನ್ನು ಹಿಡಿದವನು ಮಾರುವವನೇ. ಜೇಮ್ಸ್ ವಾಟ್ ಮತ್ತು ಮ್ಯಾಥ್ಯೂ ಬೋಲ್ಟನ್ ಜೋಡಿ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಿಗೆ ಉಗಿಯಂತ್ರ ಹಾಕಿಕೊಟ್ಟು, ಹಳೆಯ ನ್ಯೂಕಾಮನ್ ಯಂತ್ರಕ್ಕಿಂತ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರರಲ್ಲೊಂದು ಪಾಲು ಕೇಳುತ್ತಿತ್ತು. ಗಿರಣಿ ಮತ್ತು ಬಿಯರ್ ಭಟ್ಟಿಗಳವರು ಗಿರಾಕಿಗಳಾಗಿ ಬಂದಾಗ ತೊಡಕಾಯಿತು. ಅವರಲ್ಲಿದ್ದದ್ದು ಗಾಣದ ಎತ್ತಿನಂತೆ ಸುತ್ತುವ ಕುದುರೆಗಳು. ಉಳಿಸಲು ಕಲ್ಲಿದ್ದಲೇ ಇರಲಿಲ್ಲ. ಹಾಗಾಗಿ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆಂದು ಎಣಿಸಿ ಹಣ ಕೇಳಬೇಕಾಯಿತು. 12 ಅಡಿ ತ್ರಿಜ್ಯದ ಸುತ್ತಿನಲ್ಲಿ, ಗಂಟೆಗೆ 144 ಸುತ್ತು, 180 ಪೌಂಡ್ ಎಳೆತ ಎಂದು ಹಿಡಿದು ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡ್ ಬರುತ್ತದೆ. 1783ರ ಹೊತ್ತಿಗೆ ಅದು 33,000 ಎಂದು ನಿಂತಿತು. ಜಾನ್ ಸ್ಮೀಟನ್‌ನಂಥ ಎಂಜಿನಿಯರ್ ಕುದುರೆಗೆ ಕೊಟ್ಟಿದ್ದು 22,916 ಮಾತ್ರ. ವಾಟ್‌ನ ಕುದುರೆ ಕೊಂಚ ದಷ್ಟಪುಷ್ಟವಾಗಿಯೇ ಇತ್ತು. ವ್ಯಾಪಾರಿಯಾಗಿ ಅದು ಜಾಣತನ: ಕೊಂಡವನ ಕುದುರೆಗಳಿಗೆ ಹೋಲಿಸಿದಾಗ ಯಂತ್ರ ಹೇಳಿದ್ದಕ್ಕಿಂತ ಕಡಿಮೆ ಬೀಳುವ ಭಯವಿರಲಿಲ್ಲ.

ಆ 33,000 ಇಂದಿಗೂ ಡೈನೊ ಚೀಟಿಯಲ್ಲಿ ಅಡಗಿ ಕುಳಿತಿದೆ. ಯಾವ ಯಂತ್ರವೂ ಅಶ್ವಶಕ್ತಿಯನ್ನು ನೇರವಾಗಿ ಅಳೆಯುವುದಿಲ್ಲ. ಅಳೆಯುವುದು ತಿರುಚುವ ಬಲವನ್ನು ಮತ್ತು ವೇಗವನ್ನು. ಪೌಂಡ್-ಅಡಿ ಲೆಕ್ಕದ ಟಾರ್ಕನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 5,252ರಿಂದ ಭಾಗಿಸಿದರೆ ಅಶ್ವಶಕ್ತಿ. ಈ 5,252 ಎಂಬುದು 33,000ವನ್ನು ಪೈಯ ಎರಡರಷ್ಟರಿಂದ ಭಾಗಿಸಿದ ಫಲ. ಅದಕ್ಕೇ ಈ ಮಾನದಲ್ಲಿ, ಎರಡಕ್ಕೂ ಒಂದೇ ಅಳತೆಪಟ್ಟಿ ಹಿಡಿದು ಬರೆದ ಡೈನೊ ನಕ್ಷೆಯಲ್ಲಿ, ಎಂಜಿನ್ ಆ ವೇಗ ಮುಟ್ಟಿದರೆ, ಟಾರ್ಕ್ ಮತ್ತು ಅಶ್ವಶಕ್ತಿಯ ಗೆರೆಗಳು 5,252 ಆರ್‌ಪಿಎಂನಲ್ಲಿ ಒಂದನ್ನೊಂದು ದಾಟುತ್ತವೆ. ದಾಟದಿದ್ದರೆ ಲೆಕ್ಕದಲ್ಲೇ ಎಲ್ಲೋ ಎಡವಟ್ಟಾಗಿದೆ.

ಊಹೆಯ ಕುದುರೆಯನ್ನು ಬಿಟ್ಟು ಶಾಫ್ಟಿನ ಬಲವನ್ನೇ ಹಿಡಿದು ಅಳೆದವನು ಫ್ರೆಂಚ್ ಎಂಜಿನಿಯರ್ ಗಾಸ್ಪಾರ್ ದ ಪ್ರೋನಿ. 1821ರ ಆತನ ಉಪಾಯ ಸರಳ: ತಿರುಗುವ ಶಾಫ್ಟಿಗೆ ಮರದ ದಿಮ್ಮಿಗಳನ್ನು ಬಿಗಿದು ಬ್ರೇಕ್ ಹಾಕುವುದು, ಆ ಬ್ರೇಕ್ ತಾನೂ ಸುತ್ತಲು ಹೊರಟರೆ ಉದ್ದನೆಯ ತೋಳಿನ ತುದಿಗೆ ತೂಕ ತೂಗಿಸಿ ತಡೆಯುವುದು. ತೂಕ ಗೊತ್ತು, ತೋಳಿನ ಉದ್ದ ಗೊತ್ತು, ವೇಗ ಗೊತ್ತು. ಬೈಕ್-ಕಾರುಗಳ ಜಾಹೀರಾತಿನಲ್ಲಿ ಎಲ್ಲರೂ ಓದುವ ‘ಬಿಎಚ್‌ಪಿ’ಯ ಬ್ರೇಕ್ ಇದೇ. ಮರ ಬಿಸಿಯಾಗಿ ಹೊಗೆಯಾಡುತ್ತಿದ್ದುದರಿಂದ ದೊಡ್ಡ ಯಂತ್ರಗಳಿಗೆ ಇದು ಸಾಲದಾಯಿತು. 1877ರಲ್ಲಿ ಎಂಜಿನಿಯರ್ ವಿಲಿಯಂ ಫ್ರೌಡ್ ಹಡಗಿನ ಎಂಜಿನ್‌ಗಳಿಗೆಂದು ನೀರನ್ನೇ ಬ್ರೇಕ್ ಮಾಡಿದ. ಅವನ ಹೆಸರಿನ ನೀರಿನ ಡೈನಮೋಮೀಟರುಗಳು ಮುಂದೆ ಎಂಜಿನ್ ಕಾರ್ಖಾನೆಗಳಲ್ಲಿ ದಶಕಗಟ್ಟಲೆ ದುಡಿದವು.

ಅಷ್ಟರಲ್ಲಿ ಅಶ್ವಶಕ್ತಿ ಬರಿಯ ಮಾನವಾಗಿ ಉಳಿಯದೆ ದರಪಟ್ಟಿಗೂ ಇಳಿದಿತ್ತು. 1902ರಲ್ಲಿ ಮೈಸೂರು ಸಂಸ್ಥಾನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿದಾಗ ಮೊದಲ ಕಂತು 4,000 ಅಶ್ವಶಕ್ತಿ. ಹಣ ಕೇಳಿದ್ದೂ ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟೆಂದೇ. ಇಂದಿನ ಕರ್ನಾಟಕದಲ್ಲಿ 10 ಎಚ್‌ಪಿ ವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಹಾಗಾಗಿ ಹಳ್ಳಿಯಲ್ಲಿ ಎಚ್‌ಪಿ ಎಂದೊಡನೆ ನೆನಪಾಗುವುದು ಕಾರಲ್ಲ, ಕೊಳವೆಬಾವಿಯ ಮೋಟರು.

ಎಂಜಿನ್ನಿನ ಆಕಾರವನ್ನೇ ತಿರುಚಿದ್ದು ಕಾರಿನ ಅಶ್ವಶಕ್ತಿಯ ಮೇಲೆ ಬ್ರಿಟನ್ ಹಾಕಿದ ತೆರಿಗೆ. ಅದಕ್ಕೆ ಬಳಸಿದ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಸೂತ್ರದಲ್ಲಿ ಎಂಜಿನ್ ಓಡಿಸುವ ಗೋಜೇ ಇರಲಿಲ್ಲ: ಸಿಲಿಂಡರಿನ ಬೋರನ್ನು, ಅಂದರೆ ಒಳವ್ಯಾಸವನ್ನು, ಇಂಚಿನಲ್ಲಿ ಅಳೆದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ 2.5ರಿಂದ ಭಾಗಿಸುವುದು, ಅಷ್ಟೇ. 1921ರಿಂದ ಹೀಗೆ ಬಂದ ಪ್ರತಿ ಅಶ್ವಶಕ್ತಿಗೂ ವರ್ಷಕ್ಕೆ ಒಂದು ಪೌಂಡ್ ತೆರಿಗೆ. ಫೋರ್ಡ್ ಮಾಡೆಲ್ ಟಿ ನಿಜದಲ್ಲಿ ಕೊಡುತ್ತಿದ್ದದ್ದು ಸುಮಾರು 20. ತೆರಿಗೆಯ ಕಡತದಲ್ಲಿ 22ಕ್ಕಿಂತ ಹೆಚ್ಚೆಂದು ಬಿದ್ದು, 23 ಪೌಂಡ್ ಕಟ್ಟಬೇಕಾಯಿತು. ಆಸ್ಟಿನ್ ಸೆವೆನ್‌ನ ಬೋರ್ ಕಿರಿದಾಗಿದ್ದರಿಂದ ಕಟ್ಟಬೇಕಾದದ್ದು 8 ಪೌಂಡ್. ಬೋರಿಗೆ ತೆರಿಗೆ, ಪಿಸ್ಟನ್ ಚಲಿಸುವ ಉದ್ದವಾದ ಸ್ಟ್ರೋಕಿಗಿಲ್ಲ. ಬ್ರಿಟಿಷ್ ಎಂಜಿನಿಯರುಗಳು ಸಿಲಿಂಡರನ್ನು ಕಿರಿದಾಗಿಸಿ ಉದ್ದ ಎಳೆದರು. ಆಲ್ವಿಸ್ 12/50ಯಂಥ ಹೆಸರುಗಳಲ್ಲಿ ಮೊದಲ ಅಂಕಿ ತೆರಿಗೆಯವನಿಗೆ, ಎರಡನೆಯದು ಓಡಿಸುವವನಿಗೆ. ಈ ತೆರಿಗೆ 1940ರ ದಶಕದ ಕೊನೆಗೆ ಹೋಯಿತು, ರೂಢಿ ಹೋಗಲಿಲ್ಲ. ನಮ್ಮ ಅಂಬಾಸಡರ್‌ನ 1,489 ಸಿಸಿ ಎಂಜಿನ್ ನೋಡಿ: ಬೋರ್ 73 ಮಿ.ಮೀ., ಸ್ಟ್ರೋಕ್ 89.

ಇದನ್ನು ಕೇಳಿ ನಗುವ ಮೊದಲು ನಮ್ಮ ರಸ್ತೆಯನ್ನೂ ನೋಡಬೇಕು. 2006ರಲ್ಲಿ ಭಾರತ ಸರ್ಕಾರ ನಾಲ್ಕು ಮೀಟರಿಗಿಂತ ಚಿಕ್ಕ, 1,200 ಸಿಸಿ ಮೀರದ ಪೆಟ್ರೋಲ್ ಕಾರುಗಳಿಗೆ ಸುಂಕ ಇಳಿಸಿತು. ಅಲ್ಲಿಂದ 1,197 ಮತ್ತು 1,199 ಸಿಸಿ ಎಂಜಿನ್‌ಗಳ ಸಾಲೇ ಬಂತು.

ಅಮೆರಿಕದಲ್ಲಿ ಅಂಕಿ ಹಿಗ್ಗಿದ್ದು ಮಾರಾಟಕ್ಕಾಗಿ. 1971ರವರೆಗೆ ಅಲ್ಲಿನ ಕಂಪನಿಗಳು ಹೇಳುತ್ತಿದ್ದದ್ದು ‘ಗ್ರಾಸ್’ ಅಂಕಿ. ಏರ್ ಫಿಲ್ಟರ್, ಫ್ಯಾನ್, ಕಾರಿನ ಸೈಲೆನ್ಸರ್ ಏನೂ ಇಲ್ಲದ ಬರಿಯ ಎಂಜಿನ್ನನ್ನು ಟೆಸ್ಟ್ ಬೆಂಚಿನ ಮೇಲೆ ಓಡಿಸಿ ತೆಗೆದದ್ದು. 1972ರಲ್ಲಿ ಎಲ್ಲವನ್ನೂ ಜೋಡಿಸಿ ಅಳೆಯುವ ‘ನೆಟ್’ ಕ್ರಮ ಬಂತು. ಕ್ಯಾಡಿಲಾಕ್ ಎಲ್ಡೊರಾಡೊದ 8.2 ಲೀಟರ್ ಎಂಜಿನ್‌ಗೆ 1971ರಲ್ಲಿ 365 ಎಂದು ಬರೆದಿತ್ತು. ಮರುವರ್ಷದ ಪುಸ್ತಿಕೆಯಲ್ಲಿ 235. ಎಂಜಿನ್ ಅದೇ, ಅಳೆದ ಕ್ರಮ ಬೇರೆ. ಜಪಾನಿನಲ್ಲಿ ಇದರ ತಿರುವುಮುರುವು: ಅಲ್ಲಿನ ತಯಾರಕರು 280 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ದಾಟಬಾರದೆಂದು ತಮ್ಮಲ್ಲೇ ಒಪ್ಪಿಕೊಂಡಿದ್ದರು. 1989ರ ನಿಸಾನ್ ಸ್ಕೈಲೈನ್ ಜಿಟಿ-ಆರ್‌ಗೂ ಕಾಗದದಲ್ಲಿ 280. ಹೊರಗಿನವರು ಅಳೆದಾಗ 300 ದಾಟುತ್ತಿತ್ತು. 2004ರಲ್ಲಿ ಹೋಂಡಾ ಲೆಜೆಂಡ್ 300 ಎಂದು ಬರೆದುಕೊಂಡು ಬಂದ ಮೇಲೆ ಆ ಒಪ್ಪಂದ ಮುಗಿಯಿತು.

ಎಂಜಿನ್ ಬದಲಾಗದೆಯೂ ಅಂಕಿ ಬದಲಾಗುವುದಾದರೆ, ಎಂಜಿನ್ ಬದಲಿಸಿದವನು ತನ್ನ ಗಳಿಕೆಯನ್ನು ತೋರಿಸುವುದು ಹೇಗೆ? ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಮೇಲೆ ಹಳೆಯ ಫೋರ್ಡ್ ವಿ8 ಕಾರುಗಳನ್ನು ಓಡಿಸುತ್ತಿದ್ದವರಿಗೆ ಮೊದಲು ಗೊತ್ತಿದ್ದ ಪರೀಕ್ಷೆ ವಾಚು ಮತ್ತು ದೂರ. ಗಾಳಿ ಎದುರಾದರೆ, ಚಾಲಕ ಗೇರ್ ತಡಮಾಡಿದರೆ ಹೊಸ ಮ್ಯಾನಿಫೋಲ್ಡಿನ ಗುಣ ಗೊತ್ತಾಗುತ್ತಿರಲಿಲ್ಲ. ಅಂಥ ಮ್ಯಾನಿಫೋಲ್ಡುಗಳಿಂದಲೇ ಹೆಸರಾದ ವಿಕ್ ಎಡೆಲ್‌ಬ್ರಾಕ್ 1949ರ ತನ್ನ ಹೊಸ ಕಾರ್ಖಾನೆಯಲ್ಲಿ ಡೈನೊಗೆಂದೇ ಕೋಣೆ ಮಾಡಿಕೊಂಡ. ಬಿಡಿಭಾಗ ಮಾರುವವರ ಬಾಯಲ್ಲಿ ‘ಇಷ್ಟು ಕುದುರೆ ಹೆಚ್ಚು’ ಎಂಬ ಮಾತಿಗೆ ಆಧಾರ ಸಿಕ್ಕಿತು, ಎಲ್ಲರ ಬಾಯಲ್ಲೂ ಅಲ್ಲ.

ಎಂಜಿನ್ ಇಳಿಸದೆ, ಗಾಡಿಯ ಚಕ್ರವನ್ನೇ ಉರುಳೆಯ ಮೇಲೆ ನಿಲ್ಲಿಸಿ ಅಳೆಯುವ ಚಾಸಿ ಡೈನೊ ಆಟವನ್ನು ಸಾಮಾನ್ಯರಿಗೂ ತಂದಿತು. ಅದರಲ್ಲಿ ಅಗ್ಗದ್ದು ಜಡತ್ವದ ಡೈನೊ: ಭಾರ ಗೊತ್ತಿರುವ ಉಕ್ಕಿನ ಉರುಳೆ ಎಷ್ಟು ಬೇಗ ವೇಗ ಪಡೆಯಿತೆಂದು ನೋಡಿ ಬಲವನ್ನು ಲೆಕ್ಕಹಾಕುತ್ತದೆ. ಇಲ್ಲಿ ಸಿಗುವುದು ಚಕ್ರದ ಬಳಿಯ ಶಕ್ತಿ. ಗೇರ್‌ಬಾಕ್ಸ್, ಟಯರುಗಳಲ್ಲಿ ಕಳೆದದ್ದನ್ನು ಕೂಡಿಸಲು ‘ಶೇ 15 ಸೇರಿಸಿ’ ಎಂಬ ವಾಡಿಕೆ ಇದೆ. ಅದು ಊಹೆಯೇ ಹೊರತು ಅಳತೆಯಲ್ಲ. ಗಳಿಕೆಯನ್ನು ಸೃಷ್ಟಿಸುವುದೂ ಕಷ್ಟವಲ್ಲ. ಮೊದಲ ಓಟವನ್ನು ಎಂಜಿನ್ ಬಿಸಿಯೇರಿದಾಗ ಮಾಡಿಸಿ, ಫಿಲ್ಟರ್ ಬದಲಿಸುವ ನೆಪದಲ್ಲಿ ತಣಿಯಲು ಬಿಟ್ಟು ಎರಡನೆಯದನ್ನು ಮಾಡಿಸಿದರೆ ಕೆಲವು ಕುದುರೆಗಳು ಸುಮ್ಮನೆ ಬರುತ್ತವೆ. ಟಯರಿನ ಗಾಳಿ, ಹಿಡಿದ ಗೇರ್, ಕಾರನ್ನು ಕಟ್ಟಿದ ಪಟ್ಟಿಯ ಬಿಗಿ, ಇವುಗಳಿಂದಲೂ ಅಷ್ಟೇ ವ್ಯತ್ಯಾಸ ಬಂದೀತು. ಫಿಲ್ಟರಿಗೆ ಇಷ್ಟು, ಎಕ್ಸಾಸ್ಟಿಗೆ ಅಷ್ಟು ಎಂದು ಪೊಟ್ಟಣಗಳ ಮೇಲಿನ ಅಂಕಿಗಳನ್ನು ಕೂಡಿಸಿದರೆ ಬರುವ ಮೊತ್ತವನ್ನು ಯಾವ ಎಂಜಿನ್ನೂ ಕೊಡಲಾರದು. ಉಸಿರಾಟದ ಹಾದಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಹಾಗೇ ಉಳಿದರೆ ಮಿಕ್ಕದ್ದು ಅಗಲವಾಗಿ ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಮಂಗಳೂರಿಗೆ ಹೋಲಿಸಿದರೆ ಗಾಳಿಯ ಒತ್ತಡ ಸುಮಾರು ಶೇ 10ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಇದನ್ನು ಸರಿದೂಗಿಸಲು ಡೈನೊದ ಸಾಫ್ಟ್‌ವೇರ್ ಅಂಕಿಯನ್ನು ನಿಗದಿತ ತಾಪ ಮತ್ತು ಒತ್ತಡಕ್ಕೆ ತಿದ್ದಿ ಮುದ್ರಿಸುತ್ತದೆ. ಅಮೆರಿಕದ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಪದ್ಧತಿಯಲ್ಲಿ ಅದು 25 ಡಿಗ್ರಿ, 99 ಕಿಲೊಪಾಸ್ಕಲ್. ಹಳೆಯ ಇನ್ನೊಂದು ಪದ್ಧತಿ ಹಿಡಿದರೆ ಅದೇ ಓಟಕ್ಕೆ ಸುಮಾರು ಶೇ 4 ಹೆಚ್ಚು ಬರುತ್ತದೆ. ಟರ್ಬೊ ಕಾರಿನಲ್ಲಿ ಈ ತಿದ್ದುಪಡಿಯೇ ಮೋಸ ಮಾಡಬಹುದು: ತೆಳು ಗಾಳಿಯ ಕೊರತೆಯನ್ನು ಟರ್ಬೊ ಆಗಲೇ ಬಹುಮಟ್ಟಿಗೆ ತುಂಬಿಸಿರುತ್ತದೆ, ಲೆಕ್ಕ ಇನ್ನೊಮ್ಮೆ ತುಂಬಿಸುತ್ತದೆ. ಆದ್ದರಿಂದ ಎಂಜಿನ್ ಕಂಪ್ಯೂಟರ್ ರೀಮ್ಯಾಪ್ ಮಾಡಿಸುವವರು ಕೇಳಬೇಕಾದದ್ದು ತಿದ್ದದ ಅಂಕಿಯ ಎರಡು ಚೀಟಿಗಳನ್ನು, ಒಂದೇ ಡೈನೊದಲ್ಲಿ, ಒಂದೇ ದಿನ, ಮೊದಲಿನದು ಮತ್ತು ನಂತರದ್ದು. ಎರಡರಲ್ಲೂ ಎಂಜಿನ್ ಒಳಗೆಳೆದ ಗಾಳಿಯ ಉಷ್ಣತೆ ಬರೆದಿರಬೇಕು.