ಮನೆಯ ಕಡಲತೊಟ್ಟಿಯೂ ಮೀನಿನ ಆಹಾರನಿಯಮವೂ

ಪ್ರಾಣಿಗಳನ್ನು ಸಾಕುವವರಿಗೆ ಮೊಟ್ಟಮೊದಲು ತೋರುವ ಕರ್ತವ್ಯವೆಂದರೆ ಅವಕ್ಕೆ ಹೊಟ್ಟೆ ತುಂಬ ಆಹಾರವನ್ನಿಕ್ಕುವುದು. ಹಸುವಿಗೆ ಹುಲ್ಲು, ಗಿಳಿಗೆ ಹಣ್ಣು, ನಾಯಿಗೆ ಅನ್ನ, ಇವುಗಳಲ್ಲಿ ಕೊಂಚ ಹೆಚ್ಚಾದರೂ ಕೇಡಿಲ್ಲ. ಉಳಿದುದನ್ನು ಗುಡಿಸಿ ಹಾಕಿದರಾಯಿತು. ಮೀನಿಗೆ ಆಹಾರವಿಡುವುದು ಕನ್ನಡನಾಡಿನಲ್ಲಿ ಪುಣ್ಯಕಾರ್ಯವೆಂದೇ ಗಣಿತವಾಗಿದೆ. ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಬಳಿಯಲ್ಲಿಯೂ, ಶಿಶಿಲದಲ್ಲಿ ಕಪಿಲೆಯ ಮಡುವಿನಲ್ಲಿಯೂ ಯಾತ್ರಿಕರು ಮೀನುಗಳಿಗೆ ಅರಳು ಮಂಡಕ್ಕಿಗಳನ್ನು ಚೆಲ್ಲುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ಅಲ್ಲಿ ಮೀನುಗಳು ತಿಂದು ಉಳಿಸಿದುದನ್ನು ನದಿಯು ಕೊಂಡೊಯ್ಯುತ್ತದೆ. ಆದರೆ ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ ಅದರಲ್ಲಿ ಕಡಲ ಮೀನುಗಳನ್ನು ಸಾಕಿದಾಗ, ಆ ನೀರಿಗೆ ಹರಿವೂ ಇಲ್ಲ, ಉಬ್ಬರವಿಳಿತಗಳೂ ಇಲ್ಲ. ಅಲ್ಲಿ ಹಾಕಿದ ಪ್ರತಿಯೊಂದು ಕಾಳೂ ಯಾವುದಾದರೊಂದು ರೂಪದಲ್ಲಿ ಅಲ್ಲಿಯೇ ಉಳಿಯುತ್ತದೆ. ಆದುದರಿಂದ ಅಂತಹ ಮೀನಿಗೆ ಎಷ್ಟು ಹೊತ್ತಿಗೊಮ್ಮೆ ಆಹಾರವನ್ನಿಕ್ಕಬೇಕೆಂಬ ಪ್ರಶ್ನೆಯು ನೋಡುವುದಕ್ಕೆ ಅಲ್ಪವಾಗಿ ತೋರಿದರೂ, ಅದು ಮೀನಿನ ಜೀವನ್ಮರಣದ ಪ್ರಶ್ನೆಯೇ ಆಗಿದೆ. ಇದಕ್ಕೆ ಸಮರ್ಪಕವಾದ ಉತ್ತರವು ದೊರೆತ ಬಗೆಯನ್ನು ತಿಳಿಯಬೇಕಾದರೆ ಹಿಂದಣ ಕಾಲಕ್ಕೆ ಹೋಗಬೇಕು.

ಕಡಲ ಮೀನನ್ನು ವಿನೋದಕ್ಕಾಗಿ ಸಾಕಿದವರಲ್ಲಿ ಪ್ರಾಚೀನ ರೋಮಿನ ಶ್ರೀಮಂತರು ಪ್ರಸಿದ್ಧರು. ಕ್ರಿ. ಪೂ. ಮೊದಲನೆಯ ಶತಮಾನದಲ್ಲಿ ಅವರು ಕಡಲ ತೀರದ ತಮ್ಮ ವಿಹಾರಗೃಹಗಳ ಬಳಿ ಕೊಳಗಳನ್ನು ಕಟ್ಟಿಸಿದರು. ಹೊರ್ಟೆನ್ಸಿಯಸ್ ಎಂಬ ವಾಗ್ಮಿಯು ತನ್ನ ಕೊಳದ ಮೀನುಗಳನ್ನು ತಿನ್ನದೆ, ಊಟಕ್ಕೆ ಬೇಕಾದ ಮೀನನ್ನು ಪೇಟೆಯಿಂದ ತರಿಸುತ್ತಿದ್ದನೆಂದೂ, ಸಾಕಿದವುಗಳಿಗೆ ತಾನೇ ಕೈಯಾರ ಉಣಿಸುತ್ತಿದ್ದನೆಂದೂ, ಅವು ಹಸಿಯದಂತೆ ನೋಡಿಕೊಳ್ಳುವುದರಲ್ಲಿ ಅತಿಯಾದ ಕಾಳಜಿಯುಳ್ಳವನಾಗಿದ್ದನೆಂದೂ ಸಮಕಾಲೀನನಾದ ವಾರೋ ಎಂಬ ಗ್ರಂಥಕಾರನು ಪರಿಹಾಸದೊಡನೆ ಬರೆದಿದ್ದಾನೆ. ಮುಂದಿನ ಶತಮಾನದ ಕೊಲುಮೆಲ್ಲನು ತನ್ನ ಕೃಷಿಗ್ರಂಥದಲ್ಲಿ ಮೀನಿನ ಕೊಳಗಳಿಗೂ ಎಡೆಗೊಟ್ಟು, ಹಲ್ಲಿಲ್ಲದ ಚಪ್ಪಟೆ ಮೀನುಗಳಿಗೆ ಮೃದುವಾದ ಆಹಾರವನ್ನು ಕೊಡಬೇಕೆಂದು ವಿಧಿಸಿದ್ದಾನೆ. ಮೀನಿನ ಜಾತಿಗೆ ತಕ್ಕಂತೆ ಆಹಾರವೂ ಬೇರೆಯಾಗಬೇಕೆಂಬ ತತ್ತ್ವವು ಇಲ್ಲಿಯೇ ಮೊಳೆದಿರುವುದನ್ನು ಕಾಣಬಹುದು. ಆದರೆ ಅತಿಯಾಗಿ ಉಣಿಸಿದರೆ ಬರುವ ಕೇಡು ರೋಮಿನವರಿಗೆ ಅಷ್ಟಾಗಿ ತಗುಲಲಿಲ್ಲ. ಅವರ ಉತ್ತಮ ಕೊಳಗಳಿಗೆ ಕಾಲುವೆಗಳ ಮೂಲಕ ಸಮುದ್ರದ ನೀರು ಬಂದು ಹೋಗುತ್ತಿದ್ದಿತು. ಕೊಳೆಯನ್ನು ತೊಳೆಯುವ ಕೆಲಸವನ್ನು ಸಮುದ್ರವೇ ಮಾಡುತ್ತಿದ್ದಿತು.

ಕನ್ನಡನಾಡಿನ ಅರಸನೊಬ್ಬನ ಗ್ರಂಥವನ್ನೂ ಈ ಸಂದರ್ಭದಲ್ಲಿ ನೆನೆಯುವುದು ಉಚಿತ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಅದರಲ್ಲಿ ಕಡಲಿನ ಮತ್ತು ನದಿಯ ಮೀನುಗಳ ಹೆಸರುಗಳೂ, ಅವುಗಳಿಗೆ ಇಡತಕ್ಕ ಆಹಾರಗಳೂ ಹೇಳಲ್ಪಟ್ಟಿವೆ. ಗಾಳವಿಕ್ಕಿ ಮೀನನ್ನು ಹಿಡಿಯುವ ರಾಜಕ್ರೀಡೆಗೆ ಸಂಬಂಧಿಸಿದುದಾದರೂ, ಯಾವ ಮೀನು ಏನನ್ನು ತಿನ್ನುತ್ತದೆಂಬುದನ್ನು ಇಷ್ಟು ಹಿಂದೆಯೇ ವಿಂಗಡಿಸಿಟ್ಟಿರುವುದು ಗಮನಾರ್ಹವಾಗಿದೆ.

ಕಡಲಿನ ಜೀವಿಯೊಂದನ್ನು ಕಡಲಿನಿಂದ ಬೇರ್ಪಡಿಸಿ ಮನೆಯ ಪಾತ್ರೆಯಲ್ಲಿ ದೀರ್ಘಕಾಲ ಬದುಕಿಸಿದ ಕೀರ್ತಿಯು ಸ್ಕಾಟ್ಲೆಂಡಿನ ಸರ್ ಜಾನ್ ಡಾಲಿಯೆಲ್ ಎಂಬಾತನಿಗೆ ಸಲ್ಲಬೇಕು. ಆತನು 1828ರಲ್ಲಿ ನಾರ್ತ್ ಬೆರಿಕ್ ಎಂಬ ಊರಿನ ಕಡಲ ಬಂಡೆಗಳಿಂದ ‘ಕಡಲಹೂ’ ಎಂಬ ಪ್ರಾಣಿಯೊಂದನ್ನು ತಂದು ಎಡಿನ್ಬರೋ ನಗರದ ತನ್ನ ಮನೆಯಲ್ಲಿ ಗಾಜಿನ ಪಾತ್ರೆಯಲ್ಲಿಟ್ಟನು. ಹೂವಿನಂತೆ ಅರಳಿ ಮುಚ್ಚುವ ಈ ಪ್ರಾಣಿಗೆ ‘ಅಜ್ಜಿ’ ಎಂದು ಹೆಸರಾಯಿತು. ಕಡಲಿನಿಂದ ಹೊಸ ನೀರನ್ನು ತರಿಸಿ ತಪ್ಪದೆ ಬದಲಾಯಿಸುವುದು, ಹದಿನೈದು ದಿನಗಳಿಗೊಮ್ಮೆ ಅರ್ಧ ಕಪ್ಪೆಚಿಪ್ಪಿನಷ್ಟು ಮಾಂಸವನ್ನು ಕೊಡುವುದು, ಇಷ್ಟೇ ಅದರ ಉಪಚಾರ. 1851ರಲ್ಲಿ ಡಾಲಿಯೆಲ್ ತೀರಿಕೊಂಡನು. ಆ ಮೇಲೆ ಅಜ್ಜಿಯು ಒಬ್ಬ ವಿದ್ವಾಂಸನಿಂದ ಮತ್ತೊಬ್ಬನ ಮನೆಗೆ ಸಾಗುತ್ತ, ಸಾಕಿದವರನ್ನೇ ಒಬ್ಬೊಬ್ಬರನ್ನಾಗಿ ಕಳುಹಿಸಿಕೊಟ್ಟು, 1887ರ ವರೆಗೆ ಬದುಕಿದ್ದಿತು. ಕಡಲನ್ನು ಬಿಟ್ಟು ಐವತ್ತೊಂಬತ್ತು ವರ್ಷ ಬಾಳಿದ ಈ ಪ್ರಾಣಿಯ ಮರಣವಾರ್ತೆಯು ಅಲ್ಲಿನ ವೃತ್ತಪತ್ರಿಕೆಯಲ್ಲಿ ಪ್ರಕಟವಾಯಿತು. ಮೀನಿನಂತೆ ಈಜಾಡದ ಪ್ರಾಣಿಗೆ ಆಹಾರವು ಕಡಿಮೆ ಸಾಕೆಂಬುದು ನಿಜ. ಆದರೂ ಮಿತಾಹಾರ ಮತ್ತು ನಿರ್ಮಲ ಜಲ ಇವೆರಡೂ ಕೂಡಿದಲ್ಲಿ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು.

ಕಡಲು ದೂರವಿದ್ದವರಿಗೆ ನೀರನ್ನು ಬದಲಾಯಿಸುವುದೇ ದೊಡ್ಡ ತೊಡಕಾಗಿದ್ದಿತು. 1846ರಲ್ಲಿ ಆನ್ನಾ ಥಿನ್ ಎಂಬ ಮಹಿಳೆಯು ಟಾರ್ಕಿಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದಳು. ಅವುಗಳ ನೀರಿಗೆ ಗಾಳಿ ಬೆರೆಯಲೆಂದು, ತೆರೆದ ಕಿಟಕಿಯ ಬಳಿ ನಿಂತು ನೀರನ್ನು ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಬಹು ಹೊತ್ತು ಸುರಿಯುವ ಕೆಲಸವನ್ನು ಆಕೆಯು ಏರ್ಪಡಿಸಿದ್ದಳು. ಈ ಶ್ರಮದಲ್ಲಿ ಹೆಚ್ಚಿನ ಪಾಲು ಮನೆಯ ಕೆಲಸದಾಕೆಯದು. ಮರುವರ್ಷ ಆಕೆಯು ಕಡಲಪಾಚಿಯನ್ನೂ ತರಿಸಿ ಅದೇ ನೀರಿನಲ್ಲಿರಿಸಿದಳು.

ಸಸ್ಯಗಳ ಈ ಉಪಯೋಗವನ್ನು ಶಾಸ್ತ್ರೀಯವಾಗಿ ವಿವರಿಸಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞನಾದ ರಾಬರ್ಟ್ ವಾರಿಂಗ್ಟನ್. 1849ರಲ್ಲಿ ಆತನು ಸಿಹಿನೀರಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಬಗೆಯ ನೀರುಹುಲ್ಲನ್ನೂ ಇಟ್ಟನು. ಮೀನು ಬಿಟ್ಟ ಅಂಗಾರಾಮ್ಲವನ್ನು ಹುಲ್ಲು ಹೀರಿಕೊಂಡು ಪ್ರಾಣವಾಯುವನ್ನು ಬಿಡುತ್ತಿದ್ದಿತು. ಆದರೆ ಹುಲ್ಲಿನ ಎಲೆಗಳು ಕೊಳೆತು ನೀರು ಕದಡತೊಡಗಿತು. ಆಗ ಆತನು ಕೆಲವು ಬಸವನಹುಳುಗಳನ್ನು ಬಿಡಲು, ಅವು ಕೊಳೆತುದನ್ನು ತಿಂದು ನೀರನ್ನು ತಿಳಿಯಾಗಿಸಿದುವು. ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದುವು. ಈ ಪರೀಕ್ಷೆಯ ವರದಿಯು 1850ರಲ್ಲಿ ಪ್ರಕಟವಾಯಿತು. ಕೆಲಕಾಲದಲ್ಲಿಯೇ ಆತನು ಇದೇ ವಿಧಾನವನ್ನು ಉಪ್ಪುನೀರಿಗೂ ಅನ್ವಯಿಸಿದನು. ಪ್ರಾಣಿ ಮತ್ತು ಸಸ್ಯಗಳ ಸಮತೋಲನವಿದ್ದರೆ ತೊಟ್ಟಿಯು ತನ್ನಷ್ಟಕ್ಕೆ ತಾನೇ ನಡೆಯುವುದೆಂಬ ನಂಬಿಕೆಯು ಇಲ್ಲಿಂದ ಹರಡಿತು.

1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಗೃಹವು ತೆರೆಯಲ್ಪಟ್ಟಿತು. ಅದಕ್ಕೆ ಕಡಲ ಜೀವಿಗಳನ್ನು ಒದಗಿಸಿಕೊಟ್ಟವರಲ್ಲಿ ಒಬ್ಬನಾದ ಫಿಲಿಪ್ ಹೆನ್ರಿ ಗಾಸ್ ಎಂಬಾತನು 1854ರಲ್ಲಿ ‘ಅಕ್ವೇರಿಯಂ’ ಎಂಬ ಸಚಿತ್ರ ಗ್ರಂಥವನ್ನು ಹೊರಡಿಸಿದನು. ಅದೇ ಹೆಸರು ಲೋಕದಲ್ಲಿ ನಿಂತಿತು. ಕಡಲಿನಿಂದ ದೂರವಿರುವವರು ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲವನ್ನು ಮಾಡಿಕೊಳ್ಳುವ ಕ್ರಮವನ್ನೂ ಆತನು ತಿಳಿಸಿಕೊಟ್ಟನು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಣ ಸುಂಕವು 1845ರಲ್ಲಿಯೇ ರದ್ದಾಗಿ ಗಾಜು ಅಗ್ಗವಾಗಿದ್ದಿತು. ರೈಲುಬಂಡಿಗಳು ಕಡಲ ತೀರವನ್ನು ನಗರಕ್ಕೆ ಹತ್ತಿರಮಾಡಿದ್ದುವು. ಹೀಗಾಗಿ ಮಧ್ಯಮವರ್ಗದ ಮನೆಮನೆಯ ಪಡಸಾಲೆಯಲ್ಲಿಯೂ ಕಡಲತೊಟ್ಟಿಯು ಕಾಣಿಸಿಕೊಂಡಿತು.

ಈ ಉತ್ಸಾಹವು ಹತ್ತು ಹದಿನೈದು ವರ್ಷಗಳಲ್ಲಿ ಇಳಿದುಹೋಯಿತು. ಬಿಸಿಲಿಗೆ ನೀರು ಕಾಯುವುದು, ಅಳತೆಮೀರಿ ಪ್ರಾಣಿಗಳನ್ನು ತುಂಬುವುದು, ಕರುಣೆಯಿಂದ ಮಾಂಸದ ತುಣುಕುಗಳನ್ನು ಹೆಚ್ಚಾಗಿ ಹಾಕುವುದು, ಸತ್ತುದನ್ನು ಕೂಡಲೆ ತೆಗೆಯದಿರುವುದು, ಇವುಗಳಿಂದ ನೀರು ಹಾಲಿನಂತೆ ಬೆಳ್ಳಗಾಗಿ ದುರ್ಗಂಧವೇಳುತ್ತಿದ್ದಿತು. ಒಂದು ರಾತ್ರಿ ಕಳೆಯುವುದರೊಳಗಾಗಿ ತೊಟ್ಟಿಯಲ್ಲಿದ್ದುವೆಲ್ಲವೂ ಸಾಯುವುದೂ ಉಂಟು. ಸತ್ತವುಗಳ ಸ್ಥಾನಕ್ಕೆ ಬೇರೆಯವನ್ನು ತರಲು ಜನರು ಮತ್ತೆ ಕಡಲ ತೀರಕ್ಕೆ ಧಾವಿಸಿದರು. ತಂದೆಯ ಗ್ರಂಥಗಳಿಂದ ಪ್ರೇರಿತರಾದ ಸಂಗ್ರಾಹಕರು ಆ ತೀರದ ಬಂಡೆಗುಳಿಗಳನ್ನು ಬರಿದು ಮಾಡಿದ ಕಥೆಯನ್ನು ಗಾಸನ ಮಗನಾದ ಎಡ್ಮಂಡ್ ಗಾಸ್ 1907ರಲ್ಲಿ ತನ್ನ ಆತ್ಮಕಥನದಲ್ಲಿ ವಿಷಾದದಿಂದ ಹೇಳಿದ್ದಾನೆ. ಮನೆಯ ತೊಟ್ಟಿಯಲ್ಲಿ ನಡೆದ ತಪ್ಪಿನ ದಂಡವನ್ನು ಕಡಲ ತೀರವು ತೆರಬೇಕಾಯಿತು.

ವಾರಿಂಗ್ಟನ್ನನ ಸಮತೋಲನದಲ್ಲಿ ಕಂಡುಬರದೆ ಉಳಿದ ಅಂಶವೊಂದಿದ್ದಿತು. ಅದನ್ನು ಹೊರಗೆಡಹುವುದರಲ್ಲಿ ಆತನ ಮಗನೇ ಪಾಲುಗೊಂಡುದು ಇತಿಹಾಸದ ಒಂದು ವಿಚಿತ್ರವೆನ್ನಬೇಕು. ಮೀನು ತಿಂದ ಆಹಾರದಲ್ಲಿರುವ ಸಾರಜನಕದ ಬಹುಭಾಗವು ಅಮೋನಿಯಾ ರೂಪದಲ್ಲಿ ಅದರ ಕಿವಿರುಗಳ ಮೂಲಕ ನೀರಿಗೆ ಸೇರುತ್ತದೆ. ತಿನ್ನದೆ ಉಳಿದ ಆಹಾರವು ಕೊಳೆತಾಗಲೂ ಅದೇ ಅಮೋನಿಯಾ ಹುಟ್ಟುತ್ತದೆ. ಇದು ಮೀನಿಗೆ ವಿಷ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಜ್ ಎಂಬವರು, ಅಮೋನಿಯಾ ನೈಟ್ರೇಟಾಗಿ ಮಾರ್ಪಡುವುದು ಸೂಕ್ಷ್ಮಜೀವಿಗಳ ಕಾರ್ಯವೆಂದು ತೋರಿಸಿಕೊಟ್ಟರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿ ಕೆಲಸಮಾಡುತ್ತಿದ್ದ ಕಿರಿಯ ರಾಬರ್ಟ್ ವಾರಿಂಗ್ಟನ್ನನು, ಈ ಮಾರ್ಪಾಟು ಎರಡು ಹಂತಗಳಲ್ಲಿ ಬೇರೆ ಬೇರೆ ಜೀವಿಗಳಿಂದ ನಡೆಯುವುದೆಂದು ಕಂಡುಕೊಂಡನು. 1890ರ ಸುಮಾರಿಗೆ ರಷ್ಯದ ವಿನೋಗ್ರಾಡ್ಸ್ಕಿಯು ಆ ಜೀವಿಗಳನ್ನು ಪ್ರತ್ಯೇಕಿಸಿದನು. ಇವರು ಪರೀಕ್ಷಿಸಿದುದು ಹೊಲದ ಮಣ್ಣನ್ನು. ಆದರೆ ಮೀನಿನ ತೊಟ್ಟಿಯ ಗುಟ್ಟು ಅಲ್ಲಿಯೇ ಅಡಗಿದ್ದಿತು. ತೊಟ್ಟಿಯ ಮರಳಿನ ಮೇಲೂ ಕಲ್ಲಿನ ಮೇಲೂ ನೆಲೆಸಿರುವ ಇಂತಹ ಜೀವಿಗಳು ಎಷ್ಟು ಅಮೋನಿಯಾವನ್ನು ಜೀರ್ಣಿಸಬಲ್ಲುವೋ ಅಷ್ಟಕ್ಕೆ ತಕ್ಕಷ್ಟು ಆಹಾರವನ್ನು ಮಾತ್ರವೇ ಆ ತೊಟ್ಟಿಯು ತಾಳಬಲ್ಲುದು.

ಲೆಕ್ಕದಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. ಅರ್ಧದಷ್ಟು ಪ್ರೋಟೀನುಳ್ಳ ಒಣ ಆಹಾರದ 1 ಗ್ರಾಮಿನಲ್ಲಿ ಸುಮಾರು 80 ಮಿಲಿಗ್ರಾಂ ಸಾರಜನಕವಿರುತ್ತದೆ. ಅದೆಲ್ಲವೂ ಅಮೋನಿಯಾ ಆದರೆ, 100 ಲೀಟರು ನೀರಿನ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 1 ಮಿಲಿಗ್ರಾಂ ಆಗುವುದು. ಕಡಲ ಮೀನಿನ ತೊಟ್ಟಿಯಲ್ಲಿ ಇರಬೇಕಾದುದು ಸೊನ್ನೆ. ಉಪ್ಪುನೀರಿನಲ್ಲಿ ಅಪಾಯವು ಹೆಚ್ಚಾಗುವುದಕ್ಕೆ ಎರಡು ಕಾರಣಗಳಿವೆ. ಸಮುದ್ರಜಲವು ಕ್ಷಾರಗುಣವುಳ್ಳದ್ದಾದುದರಿಂದ ಅಮೋನಿಯಾದ ವಿಷಕರವಾದ ಭಾಗವು ಅದರಲ್ಲಿ ಅಧಿಕವಾಗುತ್ತದೆ. ಮತ್ತು ಒಂದೇ ಶಾಖದಲ್ಲಿ ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಕರಗುವ ಪ್ರಾಣವಾಯುವು ಸುಮಾರು ಐದರಲ್ಲೊಂದು ಪಾಲು ಕಡಿಮೆ.

ಈ ಕಾರಣಗಳು ತಿಳಿಯುವುದಕ್ಕೆ ಮೊದಲೇ ಅನುಭವದಿಂದ ಪರಿಹಾರವನ್ನು ಕಂಡವನು ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಕಡಲತೊಟ್ಟಿಗಳ ಅಂಗಡಿಯಿಟ್ಟು, 1862ರಲ್ಲಿ ದಿವಾಳಿಯಾಗಿ, ಆ ಮೇಲೆ ಹ್ಯಾಂಬರ್ಗ್ ನಗರದ ಮತ್ಸ್ಯಾಲಯವನ್ನು ವ್ಯವಸ್ಥೆಗೊಳಿಸಿದ ಈತನು, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಮತ್ಸ್ಯಾಲಯವನ್ನು ಕಟ್ಟಿಸಿದನು. ಪ್ರದರ್ಶನದ ತೊಟ್ಟಿಗಳಿಗಿಂತ ಹಲವು ಪಾಲು ದೊಡ್ಡದಾದ ಕತ್ತಲೆಯ ಜಲಾಶಯವನ್ನು ನೆಲದಡಿಯಲ್ಲಿರಿಸಿ, ಎರಡರ ನಡುವೆ ನೀರನ್ನು ಹಗಲಿರುಳೂ ಯಂತ್ರದಿಂದ ಸುತ್ತಿಸುವುದು ಆತನ ಕ್ರಮ. ಆಂಟನ್ ಡೋರ್ನನು ನೇಪಲ್ಸಿನಲ್ಲಿ ಸ್ಥಾಪಿಸಿ 1874ರಲ್ಲಿ ಸಾರ್ವಜನಿಕರಿಗೆ ತೆರೆದ ಮತ್ಸ್ಯಾಲಯಕ್ಕೂ ಆತನ ನೆರವು ದೊರೆಯಿತು. ಭಾರತದಲ್ಲಿ ಮದರಾಸಿನ ಕಡಲ ತೀರದಲ್ಲಿ 1909ರಲ್ಲಿಯೂ, ಮುಂಬಯಿಯಲ್ಲಿ ತಾರಾಪೋರವಾಲಾ ಹೆಸರಿನಿಂದ 1951ರಲ್ಲಿಯೂ ಮತ್ಸ್ಯಾಲಯಗಳು ತೆರೆಯಲ್ಪಟ್ಟುವು.

ಇಪ್ಪತ್ತನೆಯ ಶತಮಾನದಲ್ಲಿ ಆಹಾರದ ಸ್ವರೂಪವೂ ಸುಧಾರಿಸಿತು. 1933ರಲ್ಲಿ ಅಮೆರಿಕದ ಆಲ್ವಿನ್ ಸೀಲನೂ, 1939ರಲ್ಲಿ ನಾರ್ವೆಯ ರೊಲೆಫ್ಸೆನ್ನನೂ, ಉಪ್ಪಿನ ಸರೋವರಗಳಲ್ಲಿ ಹುಟ್ಟುವ ಆರ್ಟೀಮಿಯ ಎಂಬ ಅತಿಸಣ್ಣ ಸೀಗಡಿಯ ಮರಿಗಳು ಎಳೆಯ ಮೀನುಗಳಿಗೆ ಉತ್ತಮ ಆಹಾರವೆಂದು ತಿಳಿಸಿದರು. ಅದರ ಮೊಟ್ಟೆಗಳನ್ನು ಒಣಗಿಸಿ ಬಹುಕಾಲ ಇಡಬಹುದಾದುದರಿಂದ, ಬೇಕಾದಾಗ ಬೇಕಾದಷ್ಟನ್ನೇ ಮರಿಮಾಡಿಕೊಳ್ಳಲು ಅನುಕೂಲವಾಯಿತು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬಾತನು, ಜೀವಿಗಳಿಂದ ತುಂಬಿದ ಹವಳದ ಕಲ್ಲುಗಳನ್ನೇ ತೊಟ್ಟಿಯಲ್ಲಿಟ್ಟು ನೀರನ್ನು ಶುದ್ಧವಾಗಿರಿಸುವ ತನ್ನ ಕ್ರಮವನ್ನು ಪ್ರಕಟಿಸಿದನು. ವಾರಿಂಗ್ಟನ್ನನ ಬಸವನಹುಳುಗಳೂ ಅವನ ಮಗನ ಸೂಕ್ಷ್ಮಜೀವಿಗಳೂ ಈ ಕಲ್ಲುಗಳಲ್ಲಿ ಒಂದುಗೂಡಿದುವೆನ್ನಬಹುದು. ಭಾರತದಲ್ಲಿ ಹವಳವೂ ಕಡಲಕುದುರೆಯೂ 2001ರಿಂದ ಕಾನೂನಿನ ರಕ್ಷಣೆಗೆ ಒಳಪಟ್ಟಿರುವುದರಿಂದ, ಅವುಗಳನ್ನು ಕಡಲಿನಿಂದ ಕಿತ್ತುತರುವುದು ನಿಷಿದ್ಧವಾಗಿದೆ.

ಈ ದೀರ್ಘವಾದ ಅನುಭವದಿಂದ ದೊರೆತ ನಿಯಮವನ್ನು ಹೀಗೆ ಸಂಗ್ರಹಿಸಬಹುದು. ಸಾಮಾನ್ಯವಾದ ಸಣ್ಣ ಕಡಲ ಮೀನುಗಳಿಗೆ ದಿನಕ್ಕೆ ಒಂದೆರಡು ಸಲ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನು ಮಾತ್ರ ಹಾಕಬೇಕು. ಪಾಚಿಯನ್ನು ಮೇಯುವ ಜಾತಿಗಳು ಕಡಲಿನಲ್ಲಿ ದಿನವೆಲ್ಲ ಮೇಯುವಂತಹವು. ಅವಕ್ಕೆ ಸೊಪ್ಪಿನ ಆಹಾರವು ಕೊಂಚ ಕೊಂಚವಾಗಿ ಹಲವು ಸಲ ದೊರೆಯಬೇಕು. ಜಠರವೇ ಇಲ್ಲದ ಕಡಲಕುದುರೆಗೆ ದಿನಕ್ಕೆ ಎರಡು ಮೂರು ಸಲವಾದರೂ ಆಹಾರವು ಅವಶ್ಯ. ಬೇಟೆಯನ್ನು ಇಡಿಯಾಗಿ ನುಂಗುವ ಹಾವುಮೀನು ಮೊದಲಾದ ದೊಡ್ಡ ಮೀನುಗಳಿಗೆ ವಾರಕ್ಕೆ ಎರಡು ಮೂರು ಸಲ ಸಾಕು. ಮರಿಗಳಿಗೆ ಬೆಳೆದವುಗಳಿಗಿಂತ ಹೆಚ್ಚು ಸಲ ಕೊಡಬೇಕು. ಹೊಸ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ನಾಲ್ಕಾರು ವಾರಗಳು ಬೇಕಾಗುವುದರಿಂದ ಆಗ ಕೈಯನ್ನು ಇನ್ನೂ ಬಿಗಿಹಿಡಿಯಬೇಕು. ಯಜಮಾನನು ಊರಿಗೆ ಹೋದ ಎರಡು ಮೂರು ದಿನ ಉಪವಾಸವಿದ್ದರೆ ಆರೋಗ್ಯವಂತವಾದ ಬೆಳೆದ ಮೀನಿಗೆ ಹಾನಿಯಿಲ್ಲ. ಅರಿಯದ ನೆರೆಯವರು ಒಂದೇ ಸಲ ಹಿಡಿ ತುಂಬ ಸುರಿದರೆ ಹಾನಿಯುಂಟು.

ಅತಿಯಾದರೆ ಅಮೃತವೂ ವಿಷವೆಂಬುದು ಹಿರಿಯರ ಮಾತು. ಕಡಲತೊಟ್ಟಿಯಲ್ಲಿ ಅದು ಅಕ್ಷರಶಃ ಸತ್ಯ. ತೊಟ್ಟಿಯ ಮೀನು ಮನುಷ್ಯನ ನೆರಳನ್ನು ಕಂಡೊಡನೆ ಗಾಜಿನ ಬಳಿಗೆ ಬಂದು ಬಾಯಿ ತೆರೆಯುತ್ತದೆ. ಈಗಷ್ಟೆ ಉಂಡಿದ್ದರೂ ಹಾಗೆಯೇ ಬರುತ್ತದೆ. ಕಡಲಿನಿಂದ ಬೇರ್ಪಡಿಸಿ ತಂದವನು ಅದಕ್ಕೆ ಕಡಲಿನ ಸ್ಥಾನದಲ್ಲಿ ನಿಂತವನು. ಉಣಿಸುವ ಹೊಣೆಯೊಡನೆ ತೊಳೆಯುವ ಹೊಣೆಯೂ ಅವನದೇ. ಎಷ್ಟು ತೊಳೆಯಬಲ್ಲನೋ ಅಷ್ಟೇ ಉಣಿಸುವುದು ಲೇಸು.