ಬೆಂಗಳೂರು ಬಾಂಬು, ನೈರೋಬಿಯ ಕರಿಯೊಕೊರ್ ಮತ್ತು ಹೆಸರಿಲ್ಲದವರ ಯುದ್ಧ

ಯುದ್ಧದ ವಿಡಿಯೋ ಗೇಮ್ ಆಡೋ ಹುಡುಗರಿಗೆ, ಅವರು ಬ್ರೆಜಿಲ್‌ನವರಾಗಲಿ ಪೋಲೆಂಡಿನವರಾಗಲಿ, ನಮ್ಮ ಬೆಂಗಳೂರಿನ ಹೆಸರು ಚೆನ್ನಾಗಿ ಗೊತ್ತಿರುತ್ತೆ. ಸಾಫ್ಟ್‌ವೇರ್‌ನಿಂದಲ್ಲ ಸ್ವಾಮಿ, ಬಾಂಬಿನಿಂದ! 2002ರಲ್ಲಿ ಬಂದ 'ಮೆಡಲ್ ಆಫ್ ಆನರ್: ಅಲೈಡ್ ಅಸಾಲ್ಟ್' ಆಟದಲ್ಲಿ ನಾರ್ಮಂಡಿಯ ಒಮಾಹಾ ಬೀಚಿನಲ್ಲಿ ಮುಳ್ಳುತಂತಿ ಬೇಲಿ ದಾಟಬೇಕಾದ್ರೆ 'ಬ್ಯಾಂಗಲೋರ್' ಬೇಕೇ ಬೇಕು. 1998ರ 'ಸೇವಿಂಗ್ ಪ್ರೈವೇಟ್ ರಯಾನ್' ಸಿನಿಮಾದಲ್ಲೂ ಸೈನಿಕರು ಇದನ್ನೇ ಕೇಳಿ ಕೂಗೋದು. ಬೇಲಿ ಸೀಳಿ ದಾರಿ ಮಾಡುವ ಈ ಉದ್ದ ಕೊಳವೆ ಬಾಂಬನ್ನು 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ರೂಪಿಸಿದ. ಹಾಗಾಗಿ ಆ ಹೆಸರು. 2019ರ 'ಏಪೆಕ್ಸ್ ಲೆಜೆಂಡ್ಸ್'ನಲ್ಲಂತೂ ಬ್ಯಾಂಗಲೋರ್ ಅಂತ ಒಬ್ಬ ಮಹಿಳಾ ಸೈನಿಕಳೇ ಇದ್ದಾಳೆ :-)

ಆದ್ರೆ ಬೆಂಗಳೂರಿನ ಹೆಸರು ಹೊತ್ತು ನಿಜವಾಗಿ ಯುದ್ಧಕ್ಕೆ ಹೋದ ಮನುಷ್ಯರೂ ಇದ್ದರು. ಅವರು ಬಂದಿದ್ದು ನಾನಿರೋ ನೈರೋಬಿಯ ಪಕ್ಕಕ್ಕೇ. ಅವರು ಯಾವ ಆಟದಲ್ಲೂ ಸಿಗಲ್ಲ. ಯಾಕೆ ಸಿಗಲ್ಲ ಅಂತ ಹುಡುಕಿಕೊಂಡು ಹೋದ್ರೆ, ಯುದ್ಧವನ್ನು ನೆನಪಿಡೋದಕ್ಕೆ ಮನುಷ್ಯ ಏನೇನು ಮಾಡಿದ್ದಾನೋ ಅದರ ಒಂದು ದೊಡ್ಡ ಕೊರತೆ ಎದುರಿಗೆ ಬರುತ್ತೆ.

ಕಥೆ 1914ರದ್ದು. ಆಗ ಕೀನ್ಯಾ ಬ್ರಿಟಿಷರದು, ಪಕ್ಕದ ಟಾಂಜಾನಿಯಾ ಜರ್ಮನರದು. ಮೊದಲ ಮಹಾಯುದ್ಧ ಯೂರೋಪಿನಲ್ಲಿ ಶುರುವಾಗಿ ಕೆಲವೇ ವಾರದಲ್ಲಿ ಇಲ್ಲಿಗೂ ಬಂತು. ಜರ್ಮನರ ಟಾಂಗಾ ಬಂದರನ್ನು ಹಿಡಿಯೋದಕ್ಕೆ ಅಕ್ಟೋಬರ್ 16ರಂದು ಮುಂಬಯಿಯಿಂದ ಸುಮಾರು 8,000 ಜನರ ಸೈನ್ಯ ಹಡಗು ಹತ್ತಿತು. ಅದರ ಎರಡು ಮುಖ್ಯ ತುಕಡಿಗಳಲ್ಲಿ ಒಂದು, 27ನೇ ಬೆಂಗಳೂರು ಬ್ರಿಗೇಡ್. ಹೆಸರು ನೋಡಿ ಎಲ್ಲರೂ ಕನ್ನಡಿಗರು ಅಂದ್ಕೋಬೇಡಿ. ಅದು ನಮ್ಮ ದಂಡು ಪ್ರದೇಶದ ಹೆಸರಿನ ಬ್ರಿಗೇಡ್ ಅಷ್ಟೇ. ಅದರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನವರೂ ಇದ್ದರು, ಪಾಳಯಂಕೋಟೆಯ ಹೆಸರಿನ ಪಲ್ಟಣವೂ ಇತ್ತು.

ಮುಂದೆ ಆಗಿದ್ದು ದೊಡ್ಡ ಫಜೀತಿ. ವಾರಗಟ್ಟಲೆ ಹಡಗಿನಲ್ಲಿ ವಾಂತಿ ಮಾಡಿಕೊಂಡು ಬಂದವರನ್ನು ಗೊತ್ತಿಲ್ಲದ ಕಾಡಿಗೆ ಇಳಿಸಿದರು. ಎದುರಿಗೆ ಜರ್ಮನ್ ಕಮಾಂಡರ್ ಲೆಟ್ಟೋ-ಫೋರ್‌ಬೆಕ್ ಕಡೆ ಇದ್ದಿದ್ದು ಸುಮಾರು 1,000 ಜನ, ಅದರಲ್ಲಿ ಹೆಚ್ಚಿನವರು ಆಫ್ರಿಕನ್ ಸಿಪಾಯಿಗಳು, ಅಂದ್ರೆ ಅಸ್ಕರಿಗಳು. ನವೆಂಬರ್ 4ರ ಕಾಳಗದ ಮಧ್ಯೆ ಗುಂಡಿನ ಸದ್ದಿಗೆ ಕೆರಳಿದ ಜೇನುಹುಳಗಳೂ ಮುತ್ತಿಕೊಂಡವು. ಮಾರನೇ ದಿನ ಸೈನ್ಯ ವಾಪಸ್ ಹಡಗು ಹತ್ತಿತು. ಬ್ರಿಟಿಷ್ ಪಾಳಯದಲ್ಲಿ ಸತ್ತವರು, ಗಾಯಗೊಂಡವರು ಸೇರಿ 800ಕ್ಕೂ ಹೆಚ್ಚು. ದಡದಲ್ಲಿ ಬಿಟ್ಟು ಹೋದ ಮಷೀನ್ ಗನ್ನು, ಲಕ್ಷಗಟ್ಟಲೆ ಗುಂಡು ಎಲ್ಲ ಜರ್ಮನರ ಪಾಲಾಯ್ತು.

ಈ ಯುದ್ಧ ನಾಲ್ಕು ವರ್ಷ ನಡೀತು. ಯೂರೋಪಿನಲ್ಲಿ 1918ರ ನವೆಂಬರ್ 11ಕ್ಕೆ ಎಲ್ಲ ಮುಗಿದಿದ್ರೆ, ಇಲ್ಲಿ ಲೆಟ್ಟೋ-ಫೋರ್‌ಬೆಕ್ ಶಸ್ತ್ರ ಕೆಳಗಿಟ್ಟಿದ್ದು ನವೆಂಬರ್ 25ಕ್ಕೆ, ಈಗಿನ ಜಾಂಬಿಯಾದಲ್ಲಿ.

ಸರಿ, ಇದನ್ನು ಲೋಕ ಹೇಗೆ ನೆನಪಿಟ್ಟುಕೊಂಡಿದೆ? ಸಿನಿಮಾ ಅಂದ್ರೆ 1951ರ 'ದಿ ಆಫ್ರಿಕನ್ ಕ್ವೀನ್'. ಜರ್ಮನ್ ಆಫ್ರಿಕಾದಲ್ಲಿ ನಡೆಯೋ ಕಥೆ, ಆದ್ರೆ ಇರೋದು ಒಬ್ಬ ಬಿಳಿ ಗಂಡಸು, ಒಬ್ಬಳು ಬಿಳಿ ಹೆಂಗಸು, ಒಂದು ದೋಣಿ. 1982ರ ವಿಲಿಯಂ ಬಾಯ್ಡ್ ಕಾದಂಬರಿ 'ಆನ್ ಐಸ್-ಕ್ರೀಮ್ ವಾರ್' ಇದರ ಹುಚ್ಚುತನವನ್ನು ವ್ಯಂಗ್ಯವಾಗಿ ತೋರಿಸುತ್ತೆ. ಅಸ್ಕರಿಯ ಒಳಗಿಂದ ಈ ಯುದ್ಧ ನೋಡೋದಕ್ಕೆ ನಾವು ಜಾಂಜಿಬಾರಿನಲ್ಲಿ ಹುಟ್ಟಿದ ಅಬ್ದುಲ್‌ರಜಾಕ್ ಗುರ್ನಾ ಅವರ 'ಆಫ್ಟರ್‌ಲೈವ್ಸ್'ವರೆಗೆ, ಅಂದ್ರೆ 2020ರವರೆಗೆ ಕಾಯಬೇಕಾಯ್ತು.

ಇನ್ನು ಆಟಗಳು. ಯುದ್ಧಕ್ಕೆ ನೂರು ವರ್ಷ ತುಂಬಿದ 2014ರಿಂದ 2018ರ ನಡುವೆ ಇವು ಸ್ಮಾರಕದ ಕೆಲಸವನ್ನೇ ಮಾಡಿದವು. ಕಲ್ಲಿನ ಸ್ಮಾರಕದ ಮುಂದೆ ಎರಡು ನಿಮಿಷ ನಿಲ್ಲದ ಹುಡುಗರು ಈ ಆಟಗಳಲ್ಲಿ ಗಂಟೆಗಟ್ಟಲೆ ಆ ಯುದ್ಧದ ಒಳಗೆ ಇದ್ದರು. 2014ರ 'ವೇಲಿಯಂಟ್ ಹಾರ್ಟ್ಸ್' ಅಂತೂ ಬಂದೂಕಿಗಿಂತ ಮನುಷ್ಯರ ಮೇಲೆ ನಿಂತ ಆಟ. ಅದರಲ್ಲಿ ಸಹಾಯಕ್ಕೆ ಬರೋ ನಾಯಿಗೂ ವಾಲ್ಟ್ ಅಂತ ಹೆಸರಿದೆ. 2016ರ 'ಬ್ಯಾಟಲ್‌ಫೀಲ್ಡ್ 1' ಶುರುವಾಗೋ ರೀತಿಯನ್ನಂತೂ ಮರೆಯೋದು ಕಷ್ಟ. ನೀವು ಆಡ್ತಿರೋ ಸೈನಿಕ ಸತ್ತ ಕೂಡಲೇ ತೆರೆಯ ಮೇಲೆ ಅವನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ ಮೂಡುತ್ತೆ. ಆಮೇಲೆ ಇನ್ನೊಬ್ಬ ಸೈನಿಕ, ಇನ್ನೊಂದು ಹೆಸರು.

ಇದೇ ಆಟದಲ್ಲಿ ಸಿನಾಯ್ ಮರಳುಗಾಡು ಇದೆ, ಸೂಯೆಜ್ ಅನ್ನೋ ನಕ್ಷೆಯೇ ಇದೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಕಾವಲಿದ್ದಿದ್ದು ಅದೇ ಸೂಯೆಜ್‌ನಲ್ಲಿ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಗೆದ್ದಿದ್ದೂ ಅವರೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ; ದಿಲ್ಲಿಯ ತೀನ್ ಮೂರ್ತಿಯ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನದು. ಆಟದ ಕಥೆ ಮಾತ್ರ ಆ ಮರಳುಗಾಡಿಗೆ ಹೋದಾಗ ಹುಡುಕೋದು ಲಾರೆನ್ಸ್ ಸಾಹೇಬರನ್ನು. 'ವರ್ಡನ್', 'ಟಾನೆನ್‌ಬರ್ಗ್', 'ಇಸೊಂಜೊ' ಅಂತ ಒಂದೊಂದು ರಣರಂಗಕ್ಕೆ ಒಂದೊಂದು ಆಟ ಬಂತು. ಅವೆಲ್ಲ ಯೂರೋಪಿನವು.

ಇಲ್ಲಿಯವರೆಗೆ ಇದು "ನಮ್ಮವರನ್ನೂ ಸೇರಿಸಿ" ಅನ್ನೋ ಮಾಮೂಲಿ ದೂರು. ಅದು ಸುಲಭ. ಒಬ್ಬ ಪೇಟಾಧಾರಿ ಸೈನಿಕನ ಚಿತ್ರ ಬರೆದು ಕೈಗೆ ಬಂದೂಕು ಕೊಟ್ರೆ ದೂರು ಮುಗೀತು. ಪೂರ್ವ ಆಫ್ರಿಕಾದ ಯುದ್ಧದಲ್ಲಿ ಅಷ್ಟಕ್ಕೆ ಮುಗಿಯಲ್ಲ. ಯಾಕಂದ್ರೆ ಇಲ್ಲಿ ಯುದ್ಧ ಮಾಡಿದ ಬಹುಪಾಲು ಜನರ ಕೈಯಲ್ಲಿ ಬಂದೂಕೇ ಇರಲಿಲ್ಲ.

ಇಲ್ಲಿನ ಕಾಡುಗಳಲ್ಲಿ ಸೆಟ್ಸೆ ಅಂತ ಒಂದು ನೊಣ ಇದೆ. ಅದು ಕಚ್ಚಿದ್ರೆ ಕುದುರೆ, ಎತ್ತು, ಹೇಸರಗತ್ತೆ ಒಂದೂ ಉಳಿಯಲ್ಲ. ರೈಲು ಮುಗಿದ ಮೇಲೆ ಅಕ್ಕಿ, ಹಿಟ್ಟು, ಗುಂಡು, ಔಷಧ ಎಲ್ಲ ಹೋಗಬೇಕಾಗಿದ್ದು ಮನುಷ್ಯನ ತಲೆ ಮೇಲೆ. ಒಂದು ಸಣ್ಣ ಲೆಕ್ಕ ಹಾಕೋಣ. ಒಬ್ಬ ಹಮಾಲ 25 ಕೆ.ಜಿ. ಹಿಟ್ಟು ಹೊರ್ತಾನೆ ಅಂದ್ಕೊಳ್ಳಿ, ದಿನಕ್ಕೆ ಅವನಿಗೆ ಒಂದು ಕೆ.ಜಿ. ಬೇಕು. ಹತ್ತು ದಿನದ ದಾರಿಗೆ ಹೋಗಿ ಬರೋದರಲ್ಲಿ 20 ಕೆ.ಜಿ. ಅವನ ಹೊಟ್ಟೆಗೇ ಹೋಯ್ತು. ಸೈನಿಕನಿಗೆ ಮುಟ್ಟೋದು ಐದೇ ಕೆ.ಜಿ. ದಾರಿ ಹನ್ನೆರಡೂವರೆ ದಿನ ಆದ್ರೆ ಮುಟ್ಟೋದು ಸೊನ್ನೆ! ಸೈನ್ಯ ಒಳಗೆ ಹೋದಷ್ಟೂ ಹಮಾಲರ ಸಂಖ್ಯೆ ಗುಣಾಕಾರದಲ್ಲಿ ಏರಬೇಕು, ಇಲ್ಲಾ ಹಮಾಲನ ಊಟ ಕಡಿತ ಆಗಬೇಕು. ಎರಡೂ ಆಯ್ತು.

ಬ್ರಿಟಿಷರ ಕಡೆಯೇ ಅಂದಾಜು ಹತ್ತು ಲಕ್ಷ ಜನರನ್ನು ಹೊರೆ ಹೊರೋದಕ್ಕೆ ಹಿಡಿದರು. 1917ರಲ್ಲಂತೂ ಕೀನ್ಯಾದ ಹಳ್ಳಿಹಳ್ಳಿಗಳಿಂದ ಬಲವಂತವಾಗಿ ಎಳೆದು ತಂದರು. ಸತ್ತವರು 95,000ಕ್ಕೂ ಹೆಚ್ಚು ಅಂತ ಅಂದಾಜು. ಗುಂಡೇಟಿಗೆ ಸತ್ತವರು ಕಡಿಮೆ. ಹೆಚ್ಚಿನವರನ್ನು ಕೊಂದಿದ್ದು ಆಮಶಂಕೆ, ಮಲೇರಿಯಾ, ನ್ಯುಮೋನಿಯಾ. ಅಭ್ಯಾಸವಿಲ್ಲದ ಜೋಳದ ಹಿಟ್ಟು, ಬೇಯಿಸೋದಕ್ಕೆ ಸಮಯ ಇಲ್ಲ, ಹೊದೆಯೋದಕ್ಕೆ ಸರಿಯಾದ ಕಂಬಳಿ ಇಲ್ಲ. ಅಷ್ಟೇ ಸಾಕಾಯ್ತು.

ನೈರೋಬಿಯ ಕೆನ್ಯಾಟಾ ಅವೆನ್ಯೂದಲ್ಲಿ ಇವರ ನೆನಪಿಗೂ ಸೇರಿ ಒಂದು ಸ್ಮಾರಕ ಇದೆ, 1928ರದ್ದು. ಮೂರು ಕಂಚಿನ ಮೂರ್ತಿಗಳು. ಕೆಳಗಿನ ಬರಹ ಹೊರೆ ಹೊತ್ತವರನ್ನು ಸೈನ್ಯದ ಕೈಕಾಲು ಅಂತ ಕರೆಯುತ್ತೆ. ನೀವು ಸತ್ತರೂ ನಿಮ್ಮ ಮಕ್ಕಳು ನಿಮ್ಮ ಹೆಸರು ನೆನೆಯುತ್ತಾರೆ ಅನ್ನೋ ಅರ್ಥದ ಮಾತೂ ಅಲ್ಲಿದೆ. ಬರೆದುಕೊಟ್ಟಿದ್ದು ರಡ್ಯಾರ್ಡ್ ಕಿಪ್ಲಿಂಗ್. ಆದ್ರೆ ಆ ಕಲ್ಲಿನ ಮೇಲೆ ಹೆಸರು ಮಾತ್ರ ಒಂದೂ ಇಲ್ಲ.

ನೆನಪು ಉಳಿದಿದ್ದು ಬೇರೆ ಕಡೆ. ನೈರೋಬಿಯಲ್ಲಿ ಕರಿಯೊಕೊರ್ ಅಂತ ಒಂದು ಮಾರುಕಟ್ಟೆ ಇದೆ. ಕತ್ತಾಳೆ ನಾರಿನ ಬುಟ್ಟಿ, ಚಪ್ಪಲಿ, ಮಣಿಸರಕ್ಕೆ ಹೆಸರುವಾಸಿ. ಸುಟ್ಟ ಮಾಂಸ ತಿನ್ನೋರಿಗಂತೂ ತೀರ್ಥಕ್ಷೇತ್ರ :-) ದಾರ್ ಎಸ್ ಸಲಾಮ್‌ನಲ್ಲೂ ಕರಿಯಾಕೂ ಅಂತ ಒಂದಿದೆ. ಎರಡೂ 'ಕ್ಯಾರಿಯರ್ ಕೋರ್' ಅನ್ನೋ ಇಂಗ್ಲಿಷ್ ಮಾತು ಜನರ ಬಾಯಲ್ಲಿ ಸವೆದು ಆದವು. ಹಮಾಲರ ದಳದ ಬಿಡಾರ ಇದ್ದ ಜಾಗಗಳು. ಮಟಾಟು ವ್ಯಾನಿನ ಕಂಡಕ್ಟರ್ ದಿನಾ ಆ ಹೆಸರು ಕೂಗ್ತಾನೆ. ಕಂಚಿಗಿಂತ ಗಟ್ಟಿಯಾಗಿ ಬಾಯಿಮಾತು ನಿಂತಿದೆ, ಆದ್ರೆ ಅದೂ ದಳದ ಹೆಸರೇ ಹೊರತು ಮನುಷ್ಯರದ್ದಲ್ಲ.

ಇಲ್ಲಿ ನನಗೆ ನಮ್ಮ ವೀರಗಲ್ಲುಗಳು ನೆನಪಾಗ್ತವೆ. ಬೆಂಗಳೂರು ಅನ್ನೋ ಹೆಸರಿನ ಹಳೆಯ ದಾಖಲೆ ಸಿಕ್ಕಿದ್ದೇ ಬೇಗೂರಿನ ಒಂದು ಸ್ಮಾರಕ ಕಲ್ಲಿನಲ್ಲಿ, ಬೆಂಗಳೂರಿನ ಕಾಳಗದಲ್ಲಿ ಸತ್ತವನ ಹೆಸರಿನ ಜೊತೆ. ಮದ್ದೂರಿನ ಹತ್ತಿರದ ಆತಕೂರಿನ ಹತ್ತನೇ ಶತಮಾನದ ಕಲ್ಲು ಇನ್ನೂ ವಿಶೇಷ. ಹಂದಿಯ ಜೊತೆ ಕಾದಾಡಿ ಸತ್ತ ನಾಯಿಗೆ ನೆಟ್ಟಿದ್ದು ಅದು, ನಾಯಿಯ ಹೆಸರು ಕಾಳಿ ಅಂತ ಕೆತ್ತಿದ್ದಾರೆ. ಸಾವಿರ ವರ್ಷದ ಹಿಂದಿನ ನಮ್ಮೂರ ನಾಯಿಯ ಹೆಸರು ಇವತ್ತು ಓದಬಹುದು. ನೂರು ವರ್ಷದ ಹಿಂದೆ ಒಂದು ಸಾಮ್ರಾಜ್ಯಕ್ಕಾಗಿ ಸತ್ತ ಸಾವಿರಾರು ಗಂಡಸರ ಹೆಸರು ಓದೋದಕ್ಕಾಗಲ್ಲ.

ಇದು ಮರೆವಲ್ಲ, ತೀರ್ಮಾನ ಅಂತ ಅಧಿಕೃತವಾಗಿ ಗೊತ್ತಾಗಿದ್ದು 2021ರಲ್ಲಿ. ಯುದ್ಧ ಸಮಾಧಿಗಳನ್ನು ನೋಡಿಕೊಳ್ಳೋ ಕಾಮನ್‌ವೆಲ್ತ್ ಆಯೋಗ 1917ರಲ್ಲಿ ಹುಟ್ಟಿತು. ಸತ್ತವರೆಲ್ಲ ಸಮಾನರು ಅನ್ನೋದು ಅದರ ತತ್ವ. 2019ರಲ್ಲಿ ಬ್ರಿಟನ್ನಿನ ಚಾನೆಲ್ 4ನಲ್ಲಿ ಸಂಸದ ಡೇವಿಡ್ ಲ್ಯಾಮಿ ಒಂದು ಸಾಕ್ಷ್ಯಚಿತ್ರದಲ್ಲಿ ಆಫ್ರಿಕಾಕ್ಕೆ ಬಂದು ಈ ಸಮಾಧಿಗಳನ್ನು ಹುಡುಕಿದರು. ಅದಾದ ಮೇಲೆ ಆಯೋಗವೇ ಸಮಿತಿ ಮಾಡಿತು. ಕನಿಷ್ಠ 1,16,000, ಪ್ರಾಯಶಃ 3,50,000ದಷ್ಟು ಜನರಿಗೆ, ಮುಖ್ಯವಾಗಿ ಪೂರ್ವ ಆಫ್ರಿಕನ್ನರು ಮತ್ತು ಈಜಿಪ್ಟಿನವರಿಗೆ, ಹೆಸರಿನ ಸ್ಮಾರಕವಾಗಲಿ ಕೆಲವರಿಗೆ ಯಾವ ಸ್ಮಾರಕವೇ ಆಗಲಿ ಸಿಕ್ಕಿಲ್ಲ ಅಂತ ವರದಿ ಹೇಳಿತು. ಹಿಂದೆ ಜನಾಂಗೀಯ ಪೂರ್ವಗ್ರಹ ಇದ್ದಿದ್ದನ್ನು ಒಪ್ಪಿಕೊಂಡಿತು, ಬ್ರಿಟಿಷ್ ಸರ್ಕಾರ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿತು. 2023ರಲ್ಲಿ ರಾಜ ಚಾರ್ಲ್ಸ್ ನೈರೋಬಿಗೆ ಬಂದಾಗ ಕರಿಯೊಕೊರ್ ಸಮಾಧಿ ಸ್ಥಳಕ್ಕೂ ಹೋದರು. ನೂರು ವರ್ಷ ಕಂಚು ಮಾಡದ ಕೆಲಸಕ್ಕೆ ಒಂದು ಟಿವಿ ಕಾರ್ಯಕ್ರಮ ದಾರಿ ಮಾಡಿತು ನೋಡಿ.

ಹಾಗಿದ್ರೆ ಆಟ? ಸತ್ತವರ ಬಗ್ಗೆ ಆಟ ಆಡೋದೇ ತಪ್ಪು ಅಂತ ಕೆಲವರು ಹೇಳ್ತಾರೆ. ನಮಗೆ ಕನ್ನಡಿಗರಿಗೆ ಆ ಮಾತು ಒಗ್ಗಲ್ಲ. ಕರಾವಳಿಯಲ್ಲಿ ಯಕ್ಷಗಾನಕ್ಕೆ ಆಟ ಅಂತಾನೇ ಹೆಸರು. ರಾತ್ರಿಯಿಡೀ ಕುರುಕ್ಷೇತ್ರ ನೋಡಿ, ಕರ್ಣ ಸಾಯುವಾಗ ಅತ್ತು ಮನೆಗೆ ಬರೋ ಜನ ನಾವು. ಆದ್ರೆ ಆ ಆಟದಲ್ಲೂ ಹದಿನೆಂಟು ಅಕ್ಷೋಹಿಣಿಯ ಕಾಲಾಳುಗಳಿಗೆ ಹೆಸರಿಲ್ಲ ಅನ್ನೋದೂ ನಿಜ!

ಪ್ರತಿ ಮಾಧ್ಯಮವೂ ತನಗೆ ಒಗ್ಗೋ ಮನುಷ್ಯನನ್ನು ಮಾತ್ರ ನೆನಪಿಡುತ್ತೆ. ಕಂಚಿಗೆ ನೆಟ್ಟಗೆ ನಿಲ್ಲೋನು ಬೇಕು, ಸಿನಿಮಾಗೆ ನಾಯಕ ಬೇಕು, ಶೂಟಿಂಗ್ ಗೇಮಿಗೆ ಗುಂಡು ಹೊಡೆಯೋನು ಬೇಕು. ಹಮಾಲನ ಮುಖಕ್ಕೆ ಹೊಸ ಬಣ್ಣ ಹಚ್ಚಿ ಕೈಗೆ ಬಂದೂಕು ಕೊಟ್ರೆ ಅವನನ್ನು ಎರಡನೇ ಸಲ ಅಳಿಸಿದ ಹಾಗೆ. ಬದಲಾಗಬೇಕಾದ್ದು ಆಟದ ನಿಯಮ. ಅದು ಸಾಧ್ಯ ಅಂತ ಈಗಾಗಲೇ ಗೊತ್ತಾಗಿದೆ. 2014ರ ಪೋಲಿಷ್ ಆಟ 'ದಿಸ್ ವಾರ್ ಆಫ್ ಮೈನ್'ನಲ್ಲಿ ನೀವು ಮುತ್ತಿಗೆಗೆ ಸಿಕ್ಕ ಊರಿನ ಸಾಮಾನ್ಯ ಜನ. ಊಟ, ಔಷಧ ಹುಡುಕೋದೇ ಆಟ. 2020ರಲ್ಲಿ ಪೋಲೆಂಡ್ ಸರ್ಕಾರ ಅದನ್ನು ಶಾಲೆಗಳ ಓದಿನ ಪಟ್ಟಿಗೇ ಸೇರಿಸೋದಾಗಿ ಘೋಷಿಸಿತು. 2019ರ 'ಡೆತ್ ಸ್ಟ್ರಾಂಡಿಂಗ್'ನಲ್ಲಂತೂ ಮೊದಲಿಂದ ಕೊನೆವರೆಗೆ ಬೆನ್ನ ಮೇಲೆ ಹೊರೆ ಹೊತ್ತು, ಜಾರದಂತೆ ನೋಡಿಕೊಂಡು ನಡೆಯೋದೇ ಮುಖ್ಯ ಕೆಲಸ. ಲಕ್ಷಾಂತರ ಜನ ದುಡ್ಡು ಕೊಟ್ಟು ಹಮಾಲಿ ಮಾಡಿದರು!

ಮೇಲೆ ಹಾಕಿದ ಹಿಟ್ಟಿನ ಲೆಕ್ಕ ಇದೆಯಲ್ಲ, ಅದೇ ಒಂದು ಆಟ. 25 ಕೆ.ಜಿ., ಹತ್ತು ದಿನದ ದಾರಿ, ಪಕ್ಕದವನಿಗೆ ಜ್ವರ. ಅವನ ಹೊರೆ ನೀವು ಹೊರ್ತೀರಾ, ಅವನನ್ನು ಬಿಟ್ಟು ಹೋಗ್ತೀರಾ? ತಿಂದ್ರೆ ಸೈನ್ಯಕ್ಕೆ ಕಡಿಮೆ, ತಿನ್ನದಿದ್ರೆ ನೀವೇ ಕಡಿಮೆ. ಆಟ ಮುಗಿದಾಗ ತೆರೆಯ ಮೇಲೆ ಹೆಸರು ಬರೋ ಜಾಗ ಖಾಲಿ ಇರಬೇಕು. 'ಬ್ಯಾಟಲ್‌ಫೀಲ್ಡ್ 1' ಕಲ್ಪನೆಯ ಸೈನಿಕರಿಗೆ ಹೆಸರು ಕಟ್ಟಿತು. ಇವರು ನಿಜವಾಗಿ ಇದ್ದರು, ನಿಜವಾದ ಹೆಸರೂ ಇತ್ತು, ಬರೆದಿಟ್ಟವರಿಲ್ಲ. ಆ ಖಾಲಿ ಜಾಗವೇ ಅವರಿಗೆ ಸಲ್ಲೋ ಪ್ರಾಮಾಣಿಕ ವೀರಗಲ್ಲು.

ಈ ಮಾತು ನಮ್ಮ ಮನೆಗಳಿಗೂ ಸೇರಿದ್ದು. ಆ ಕಾಲದಲ್ಲಿ ಮೆಸಪೊಟೇಮಿಯಾಕ್ಕೋ ಆಫ್ರಿಕಾಕ್ಕೋ ಹೋಗಿ ಬಂದ, ಅಥವಾ ಬಾರದೇ ಉಳಿದ ಮುತ್ತಜ್ಜ ಯಾರಾದರೂ ನಿಮ್ಮ ಮನೆಯಲ್ಲಿದ್ರೆ, ಸಿಪಾಯಿಯೇ ಆಗಿರಬೇಕಿಲ್ಲ, ಅಡುಗೆಯವನೋ ಕುದುರೆ ಲಾಯದವನೋ ಆಗಿದ್ದರೂ ಸರಿ, ಅಜ್ಜಿಯನ್ನು ಕೇಳಿ ಹೆಸರು ಬರೆದಿಡಿ. ಕಲ್ಲು, ಸಿನಿಮಾ, ಆಟ ಆಮೇಲೆ ಯಾರಾದ್ರೂ ಮಾಡ್ತಾರೆ. ಮೊದಲು ಹೆಸರು ಬೇಕು.